ಎಪ್ಪತ್ತೆರಡರಲ್ಲಿ ಒಂದು ಪಾಲು

ಕೊಲ್ಲುವುದಕ್ಕೆಂದೇ ತಯಾರಾದ ಒಂದು ಯಂತ್ರದ ಪುಟ್ಟ ಪ್ರತಿರೂಪವನ್ನು ಮನೆಯ ಮೇಜಿನ ಮೇಲೆ ತಾಳ್ಮೆಯಿಂದ, ಪ್ರೀತಿಯಿಂದ ಕಟ್ಟುವುದು ಸರಿಯೇ? ಈ ಪ್ರಶ್ನೆಯನ್ನು ನೀವು ಎಂದೂ ಕೇಳಿಕೊಂಡಿರಲಾರಿರಿ. ನಾನೂ ಕೇಳಿಕೊಂಡಿರಲಿಲ್ಲ. ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರ ಓದಿದವನಿಗೆ ಹೊಳೆಯದ ಈ ಪ್ರಶ್ನೆಯನ್ನು ಎತ್ತಿದವರು ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿ. ಆಗ ಅವರು ಮೊರದ ಮುಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

ಅವರ ಮೊಮ್ಮಗ ಒಂಬತ್ತನೆಯ ತರಗತಿಯ ಹುಡುಗ. ಸೈಕಲ್ಲಿನಿಂದ ಬಿದ್ದು ಕಾಲಿನ ಮೂಳೆ ಮುರಿದುಕೊಂಡು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲೇ ಇದ್ದ. ದುಬೈಯಿಂದ ರಜೆಗೆ ಬಂದ ಸೋದರಮಾವ ಅವನಿಗೊಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದುಕೊಟ್ಟಿದ್ದರು. ಒಳಗಿದ್ದುದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕ ಬಳಸಿದ ಬಿ-29 ಬಾಂಬರ್ ವಿಮಾನದ ಪ್ಲಾಸ್ಟಿಕ್ ಮಾದರಿ, 1:72 ಪ್ರಮಾಣದ್ದು. ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡು ಅಡಿ ಇಲ್ಲಿ ಒಂದೇ ಅಡಿ. ಆ ವಿಮಾನದ ರೆಕ್ಕೆಗಳ ಹರವು 43 ಮೀಟರ್. ಮಾದರಿಯಲ್ಲಿ ಅದು ಸುಮಾರು 60 ಸೆಂಟಿಮೀಟರ್. ಪ್ರತಿ ಶುಕ್ರವಾರ ನಾನು ಆ ಮನೆಗೆ ಪರಮಪ್ರಸಾದ ಒಯ್ಯುತ್ತಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಎದ್ದು ಬರಬೇಕಾದವನು ಒಂದೊಂದು ತಾಸು ಅಲ್ಲಿಯೇ ಕುಳಿತುಬಿಡುತ್ತಿದ್ದೆ.

ಇದಕ್ಕೆ ಕಾರಣವನ್ನು ಒಪ್ಪಿಕೊಳ್ಳಬೇಕು. ನನ್ನ ತಂದೆ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಫಿಟ್ಟರ್ ಆಗಿದ್ದರು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳು ರಿಪೇರಿಯಾಗುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಎಂಬ ಬಾಂಬರ್‌ಗಳನ್ನು ಬೆಂಗಳೂರಿಗೆ ತಂದು, ಸರಿಪಡಿಸಿ, ನಮ್ಮ ವಾಯುಪಡೆಗೆ ಕೊಟ್ಟರು. 1968ರವರೆಗೆ ಅವು ಹಾರಿದವು. ಇಂಥ ಕಥೆಗಳನ್ನು ಕೇಳುತ್ತಾ ಬೆಳೆದವನಿಗೆ ವಿಮಾನದ ಚಿತ್ರ ಕಂಡರೆ ಇಂದಿಗೂ ವಯಸ್ಸು ಮರೆತುಹೋಗುತ್ತದೆ.

ಮಾದರಿ ಕಟ್ಟುವುದು ಮಕ್ಕಳಾಟವೆಂದು ತಿಳಿಯಬೇಡಿ. ತುಂಡುಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಒಂದೊಂದನ್ನೂ ಬ್ಲೇಡಿನಿಂದ ಬಿಡಿಸಿ, ಉಳಿದ ಮೊಳಕೆಯನ್ನು ಉಪ್ಪುಕಾಗದದಿಂದ ಉಜ್ಜಬೇಕು. ಇದಕ್ಕೆಂದೇ ಸಿಗುವ ಅಂಟು ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಎರಡು ತುಂಡುಗಳನ್ನು ಬೆಸೆಯುತ್ತದೆ. ಒಂದು ಹನಿ ಹೆಚ್ಚಾದರೆ ಮೈಯೆಲ್ಲ ಕಲೆ. ಬಿ-29ರಲ್ಲಿ ಇನ್ನೊಂದು ತೊಡಕಿದೆ. ಅದರ ಮೂತಿಯ ಕೆಳಗೆ ಚಕ್ರವಿದೆ, ಬಾಲದ ಕಡೆ ಭಾರ ಹೆಚ್ಚು. ಮೂತಿಯೊಳಗೆ ತೂಕ ತುಂಬದಿದ್ದರೆ ಮಾದರಿ ಹಿಂದಕ್ಕೆ ಕುಕ್ಕರಿಸುತ್ತದೆ. ಹುಡುಗನ ತಂದೆ ಭಾನುವಾರ ಕೆರೆಗೆ ಗಾಳ ಹಾಕಲು ಹೋಗುವವರು (ಪೂಜೆ ಮುಗಿಸಿಯೇ ಹೋಗುತ್ತಾರೆಂಬುದು ಅವರ ಹೇಳಿಕೆ). ಅವರ ಗಾಳದ ಸೀಸದ ಗುಂಡುಗಳು ಮೂತಿಯೊಳಗೆ ಸೇರಿದವು. ಸದಾ ಮೊಬೈಲ್ ಹಿಡಿದಿರುತ್ತಿದ್ದ ಹುಡುಗ ಉಸಿರು ಬಿಗಿಹಿಡಿದು ಅಕ್ಕಿಕಾಳಿನಷ್ಟು ಗಾತ್ರದ ತುಂಡನ್ನು ಕೂಡಿಸುವುದನ್ನು ಕಂಡಾಗ, ಇದೂ ಒಂದು ಬಗೆಯ ಧ್ಯಾನವೇ ಎನ್ನಿಸಿತು. ಹಿತಮಿತವಾದ ಆಟವೂ ಸದ್ಗುಣಗಳ ಸಾಲಿಗೆ ಸೇರುತ್ತದೆಂದು ಸಂತ ತೋಮಸ್ ಅಕ್ವಿನಾಸರೇ ಬರೆದಿದ್ದಾರೆ. ಅದನ್ನು ನಾನು ಆ ಮನೆಯಲ್ಲಿ ಹೇಳಿದ್ದೆ ಕೂಡ.

ನಾಲ್ಕನೆಯ ಶುಕ್ರವಾರ ಹುಡುಗ ಒಂದು ಹಾಳೆ ತೋರಿಸಿದ. ನೀರಿನಲ್ಲಿ ನೆನೆಸಿ ವಿಮಾನದ ಮೈಮೇಲೆ ಅಂಟಿಸುವ ಹೆಸರುಗಳು, ಗುರುತುಗಳು. ಒಂದು ‘ಎನೋಲಾ ಗೇ’, ಇನ್ನೊಂದು ‘ಬಾಕ್ಸ್‌ಕಾರ್’. ಮೊದಲನೆಯದು 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ, ಎರಡನೆಯದು ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಹಾಕಿದ ವಿಮಾನಗಳು. “ಯಾವ ಹೆಸರು ಹಾಕಲಿ ಫಾದರ್?” ಎಂದ.

ಒಂದು ಕ್ಷಣವೂ ಯೋಚಿಸದೆ “ಎನೋಲಾ ಗೇ ಹಾಕು. ಅದೇ ಪ್ರಸಿದ್ಧವಾದದ್ದು” ಎಂದುಬಿಟ್ಟೆ.

ಅಜ್ಜಿ ತಲೆಯೆತ್ತಿದರು. “ಹಾಗಂದ್ರೆ ಏನು ಸ್ವಾಮಿ?” ಅದು ವಿಮಾನದ ಚಾಲಕ ಪಾಲ್ ಟಿಬೆಟ್ಸ್ ಅವರ ತಾಯಿಯ ಹೆಸರು ಎಂದು ವಿವರಿಸಿದೆ. ಅವರ ಕೈ ನಿಂತಿತು. “ಊರು ಸುಡೋ ವಿಮಾನಕ್ಕೆ ಹೆತ್ತಮ್ಮನ ಹೆಸರಾ?” ಎಂದವರು, ತುಸು ಹೊತ್ತಿನ ಮೇಲೆ ಮೊಮ್ಮಗನ ಕಡೆ ತಿರುಗಿ, “ಅಲ್ಲ ಮಗಾ, ಓಡಿಸೋರು ಇದರಲ್ಲಿ ಇದ್ದಾರೆ. ಕೆಳಗಿದ್ದೋರು ಎಲ್ಲಿ?” ಎಂದರು.

ಪೆಟ್ಟಿಗೆಯಲ್ಲಿ ಕೆಳಗಿದ್ದವರು ಇರಲಿಲ್ಲ. ಇಂಥ ಯಾವ ಪೆಟ್ಟಿಗೆಯಲ್ಲೂ ಇರುವುದಿಲ್ಲ. ಹುಡುಗ ಲೆಕ್ಕದಲ್ಲಿ ಚುರುಕು. ಪೆನ್ಸಿಲ್ ಹಿಡಿದು ಅಲ್ಲಿಯೇ ಲೆಕ್ಕ ಹಾಕಿದ. ಬಾಂಬ್ ಹಾಕಿದಾಗ ಆ ವಿಮಾನಗಳು ಸುಮಾರು 9,000 ಮೀಟರ್ ಎತ್ತರದಲ್ಲಿದ್ದವು. ಎಪ್ಪತ್ತೆರಡರಿಂದ ಭಾಗಿಸಿದರೆ 125 ಮೀಟರ್. ಒಬ್ಬ ವಯಸ್ಕ ಮನುಷ್ಯ 2.3 ಸೆಂಟಿಮೀಟರ್. ಅಂದರೆ ನಮ್ಮ ಮೇಜಿನ ಮೇಲಿದ್ದ ವಿಮಾನವನ್ನು 125 ಮೀಟರ್ ಎತ್ತರದಲ್ಲಿ ತೂಗುಹಾಕಿ, ಕೆಳಗೆ ಹುಣಸೆಬೀಜದಷ್ಟು ದೊಡ್ಡ ಮನುಷ್ಯರನ್ನು ಇಟ್ಟು ನೋಡಬೇಕು. “ಕಾಣೋದೇ ಇಲ್ಲ ಫಾದರ್” ಎಂದ.

ಆ ರಾತ್ರಿ ನಾನು ನಾಗಸಾಕಿಯ ಬಗ್ಗೆ ಮತ್ತೆ ಓದಿದೆ. ಮತ್ತೆ ಎಂದೆ, ಏಕೆಂದರೆ ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಬಾಕ್ಸ್‌ಕಾರ್ ಹೊರಟದ್ದು ಕೊಕುರಾ ನಗರಕ್ಕೆ. ಅಲ್ಲಿ ಗುರಿ ಕಾಣದ್ದರಿಂದ ನಾಗಸಾಕಿಗೆ ತಿರುಗಿತು. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬ್ ಸಿಡಿದದ್ದು ಉರಕಾಮಿ ಕಣಿವೆಯ ಮೇಲೆ. ಎರಡು ಶತಮಾನಕ್ಕೂ ಮೀರಿ ಗುರುಗಳಿಲ್ಲದೆ, ಮರೆಯಲ್ಲಿ ಮಕ್ಕಳಿಗೆ ಜ್ಞಾನಸ್ನಾನ ಕೊಡುತ್ತಾ ವಿಶ್ವಾಸವನ್ನು ಉಳಿಸಿಕೊಂಡ ಕ್ರೈಸ್ತರ ಸಂತತಿ ವಾಸವಾಗಿದ್ದ ಕಣಿವೆ ಅದು. ಸ್ಫೋಟದ ಬಿಂದುವಿನಿಂದ ದೇವಾಲಯಕ್ಕೆ ಸುಮಾರು 500 ಮೀಟರ್ ದೂರ. ಆಗಸ್ಟ್ 15ರ ಮಾತೆ ಮರಿಯಮ್ಮನವರ ಹಬ್ಬಕ್ಕೆ ಸಿದ್ಧತೆಯಾಗಿ ಒಳಗೆ ಇಬ್ಬರು ಗುರುಗಳು ಪಾಪನಿವೇದನೆ ಕೇಳುತ್ತಿದ್ದರು. ದೇವಾಲಯದೊಳಗಿದ್ದ ಯಾರೂ ಬದುಕಲಿಲ್ಲ. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500 ಮಂದಿ ಸತ್ತರೆಂಬ ಲೆಕ್ಕವಿದೆ. ನಗರದಲ್ಲಿ ಒಟ್ಟು ಸತ್ತವರು ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 70,000. ಸತ್ತವರು ನಮ್ಮವರು ಎಂಬ ಕಾರಣಕ್ಕೆ ನನ್ನ ಎದೆ ಹೆಚ್ಚು ನೊಂದಿತೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಹಿರೋಶಿಮಾದವರೂ ತಾಯಂದಿರು ಹೆತ್ತವರೇ. ಅಂದು ಬಾಕ್ಸ್‌ಕಾರ್ ಚಲಾಯಿಸಿದ ಮೇಜರ್ ಚಾರ್ಲ್ಸ್ ಸ್ವೀನಿ ಕೂಡ ಕಥೋಲಿಕರು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಬ್ಬರು. ಈ ವಿಮಾನಗಳು ಹೊರಟ ಟಿನಿಯನ್ ದ್ವೀಪದಲ್ಲಿ ಸೈನಿಕರ ಕಥೋಲಿಕ ಗುರುವಾಗಿದ್ದ ಫಾದರ್ ಜಾರ್ಜ್ ಝಬೆಲ್ಕಾ. ಬಾಂಬರ್‌ಗಳ ಸಿಬ್ಬಂದಿಗೆ ಅವರು ಬಲಿಪೂಜೆ ಅರ್ಪಿಸುತ್ತಿದ್ದರು, ಅವರ ಪಾಪನಿವೇದನೆ ಕೇಳುತ್ತಿದ್ದರು. ಊರುಗಳ ಮೇಲೆ, ಹೆಂಗಸರು ಮಕ್ಕಳ ಮೇಲೆ ಬಾಂಬ್ ಹಾಕುವುದು ತಪ್ಪೆಂದು ತಾನು ಆಗ ಒಂದು ಮಾತೂ ಹೇಳಲಿಲ್ಲವೆಂದು ದಶಕಗಳ ನಂತರ ಅವರು ಬಹಿರಂಗವಾಗಿ ಒಪ್ಪಿಕೊಂಡರು. ತೀರಿಕೊಳ್ಳುವವರೆಗೂ, ಅಂದರೆ 1992ರವರೆಗೂ, ಅದನ್ನು ಹೇಳುತ್ತಲೇ ಇದ್ದರು. ಅವರ ಮೌನವನ್ನೂ ನನ್ನ ಒಂದು ಹಗುರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅತಿಯಾದೀತು. ಆದರೂ ಒಬ್ಬ ಹುಡುಗ ಗುರುವೆಂದು ನಂಬಿ ಕೇಳಿದ್ದ. ನಾನು ಪ್ರಸಿದ್ಧಿಯನ್ನು ನೋಡಿ ಉತ್ತರಿಸಿದ್ದೆ.

ನಿಮ್ಮಲ್ಲಿ ಕೆಲವರು ಹೇಳಬಹುದು: ಆ ಬಾಂಬುಗಳಿಂದ ಯುದ್ಧ ಬೇಗ ಮುಗಿಯಿತಲ್ಲವೇ? ಜಪಾನಿನ ಸೈನ್ಯವೇನು ಸಾಧುವಾಗಿತ್ತೇ? ಅದರ ಕ್ರೌರ್ಯವನ್ನು ಚೀನಾ, ಫಿಲಿಪೈನ್ಸ್, ನಮ್ಮ ಅಂಡಮಾನ್ ದ್ವೀಪಗಳು ಉಂಡಿವೆ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ದಂಡಯಾತ್ರೆಗೆ ಕಾದಿದ್ದ ಸೈನಿಕನ ತಾಯಿಗೆ ಆ ದಿನ ಬಂದ ಸಮಾಧಾನ ಸುಳ್ಳಲ್ಲ. ಆದರೆ ಒಳಿತು ಬರಲೆಂದು ಕೆಡುಕನ್ನು ಮಾಡಲಾಗದೆಂಬುದು ಸಂತ ಪೌಲರ ಕಾಲದಿಂದ ನಮಗೆ ಬಂದ ಬೋಧನೆ. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಅಧ್ಯಕ್ಷ ಟ್ರೂಮನ್ ಅವರಿಗೆ ಗೌರವ ಪದವಿ ಕೊಡಲು ಹೊರಟಾಗ ಎಲಿಜಬೆತ್ ಆನ್ಸ್‌ಕಂಬ್ ಎಂಬ ಕಥೋಲಿಕ ತತ್ತ್ವಶಾಸ್ತ್ರಜ್ಞೆ ಎದ್ದುನಿಂತು ವಿರೋಧಿಸಿದರು. ನಿರಪರಾಧಿಗಳ ಸಾವನ್ನೇ ಸಾಧನವಾಗಿ ಆಯ್ದುಕೊಳ್ಳುವುದು ಕೊಲೆ, ಉದ್ದೇಶ ಎಷ್ಟೇ ದೊಡ್ಡದಿರಲಿ ಎಂಬುದು ಅವರ ವಾದ. ಪದವಿಯನ್ನೇನೋ ಕೊಟ್ಟರು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಇಡೀ ನಗರಗಳನ್ನು ಜನಸಮೇತ ನಾಶಮಾಡುವ ಯುದ್ಧಕಾರ್ಯ ದೇವರಿಗೂ ಮನುಷ್ಯನಿಗೂ ವಿರುದ್ಧವಾದ ಅಪರಾಧವೆಂದು ಸಾರಿತು.

ಹಾಗಾದರೆ ಹುಡುಗ ಮಾದರಿ ಕಟ್ಟುವುದನ್ನು ನಿಲ್ಲಿಸಬೇಕೇ? ನನಗೆ ಹಾಗೆನ್ನಿಸುವುದಿಲ್ಲ. ಕಣ್ಣಿಂದ ಮರೆಮಾಡಿದ ಮಾತ್ರಕ್ಕೆ ಏನೂ ಇಲ್ಲವಾಗುವುದಿಲ್ಲ. ಅಲ್ಲದೆ ಈ ಸಂಕಟ ಹುಡುಗನೊಬ್ಬನದಲ್ಲ. ನಿಜವಾದ ಎನೋಲಾ ಗೇ ವಿಮಾನವನ್ನು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 1995ರಲ್ಲಿ ಪ್ರದರ್ಶನಕ್ಕಿಡಲು ಸಿದ್ಧತೆ ನಡೆಸಿತ್ತು. ಜೊತೆಗೆ ಹಿರೋಶಿಮಾ ನಾಗಸಾಕಿಗಳಲ್ಲಿ ಸತ್ತವರ ವಸ್ತುಗಳು, ಚಿತ್ರಗಳು. ಮಾಜಿ ಸೈನಿಕರ ಸಂಘಟನೆಗಳೂ ಸಂಸತ್ ಸದಸ್ಯರೂ ಕೆರಳಿದರು. ತಮ್ಮ ಸತ್ತ ಗೆಳೆಯರಿಗೆ ಅವಮಾನವೆಂದು ಆ ವೃದ್ಧರಿಗೆ ಅನ್ನಿಸಿತು. ಅವರ ನೋವನ್ನೂ ಲಘುವಾಗಿ ಕಾಣಲಾಗದು. ಕೊನೆಗೆ ಮೂಲ ಯೋಜನೆ ರದ್ದಾಯಿತು, ಮ್ಯೂಸಿಯಮ್ಮಿನ ನಿರ್ದೇಶಕರು ರಾಜೀನಾಮೆ ಕೊಟ್ಟರು, ವಿಮಾನದ ಕೆಲವು ಭಾಗಗಳನ್ನಷ್ಟೇ ಇಟ್ಟರು. 2003ರಿಂದ ಇಡೀ ವಿಮಾನ ವರ್ಜೀನಿಯದ ಮ್ಯೂಸಿಯಮ್ಮಿನಲ್ಲಿ ಥಳಥಳಿಸುತ್ತಾ ನಿಂತಿದೆ. ಪ್ರಮಾಣ ಒಂದಕ್ಕೆ ಒಂದಾಗಿದ್ದರೂ ಪೆಟ್ಟಿಗೆಯಿಂದ ತೆಗೆದುಹಾಕಿದ್ದು ಅದೇ ತುಂಡುಗಳನ್ನು.

ಇದಕ್ಕೆ ವಿರುದ್ಧವಾದ ಒಂದು ಊರಿನ ಕಥೆಯನ್ನೂ ಹೇಳಬೇಕು. ಜಪಾನಿನ ಶಿಜುಒಕಾ ನಗರ ಪ್ಲಾಸ್ಟಿಕ್ ಮಾದರಿಗಳ ರಾಜಧಾನಿ. ತಮಿಯಾ, ಆಒಶಿಮಾ ಮುಂತಾದ ಹೆಸರಾಂತ ಕಂಪನಿಗಳು ಅಲ್ಲಿಯವೇ. ಮರಗೆಲಸಕ್ಕೆ ಹೆಸರಾಗಿದ್ದ ಊರು ಅದು. ತಮಿಯಾ ಕೂಡ 1946ರಲ್ಲಿ ಮರದ ವ್ಯಾಪಾರವಾಗಿ ಆರಂಭವಾದದ್ದು. ಅದಕ್ಕೆ ಒಂದು ವರ್ಷ ಮೊದಲು, 1945ರ ಜೂನ್ 19ರ ರಾತ್ರಿ ಕಳೆದು 20ರ ನಸುಕಿಗೆ, ಇದೇ ಬಿ-29 ವಿಮಾನಗಳು ಬೆಂಕಿಬಾಂಬು ಸುರಿದು ಆ ಊರನ್ನು ಸುಟ್ಟಿದ್ದವು. ಸುಮಾರು 2,000 ಜನ ಸತ್ತರು. ಆ ದಾಳಿಯಲ್ಲಿ ಎರಡು ಬಿ-29ಗಳು ಆಕಾಶದಲ್ಲಿ ಒಂದಕ್ಕೊಂದು ಬಡಿದು ಬಿದ್ದು 23 ಅಮೆರಿಕನ್ನರೂ ಸತ್ತರು. ಇತೋ ಫುಕುಮಾತ್ಸು ಎಂಬ ಸ್ಥಳೀಯರು ಆ ಶತ್ರುಗಳ ಶವಗಳನ್ನು ತಮ್ಮೂರಿನ ಶವಗಳೊಂದಿಗೆ ಗೌರವದಿಂದ ಮಣ್ಣುಮಾಡಿದರು. ಊರಿನವರ ಬೂದಿ ಇನ್ನೂ ಆರದಿದ್ದಾಗ ಮಾಡಿದ ಕೆಲಸ ಇದೆಂಬುದನ್ನು ನೆನೆಯಿರಿ. ಅವಶೇಷಗಳಲ್ಲಿ ಅವರಿಗೊಂದು ಸುಟ್ಟು ಕಪ್ಪಾದ ನೀರಿನ ಕ್ಯಾಂಟೀನ್ ಸಿಕ್ಕಿತು. ಮುಂದೆ ಊರಿನ ಗುಡ್ಡದ ಮೇಲೆ ಎರಡೂ ಕಡೆಯವರಿಗೆ ಸ್ಮಾರಕಗಳೆದ್ದವು. ಅಲ್ಲಿ ನಡೆಯುತ್ತ ಬಂದಿರುವ ಸ್ಮರಣೆಯಲ್ಲಿ ಜಪಾನೀಯರೂ ಅಮೆರಿಕನ್ನರೂ ಸೇರಿ ಅದೇ ಕ್ಯಾಂಟೀನಿನಿಂದ ಸತ್ತವರಿಗಾಗಿ ಪಾನೀಯ ಎರೆಯುತ್ತಾರೆ. ಅವರು ಬೌದ್ಧರು, ಆದರೂ ಶತ್ರುವಿನ ಬಗ್ಗೆ ನಮ್ಮ ಪ್ರಭು ಹೇಳಿದ್ದು ಅವರಿಗೆ ಅರ್ಥವಾಗಿತ್ತು. ಇಂಥ ಊರಿನ ಕೈಗಳೇ ಇಂದು ತಮ್ಮ ದೇಶದ ವಿಮಾನಗಳನ್ನೂ ಅಂದಿನ ಶತ್ರುವಿನ ವಿಮಾನಗಳನ್ನೂ ಕೂದಲೆಳೆಯಷ್ಟೂ ತಪ್ಪದಂತೆ ಸಣ್ಣದಾಗಿ ಮಾಡಿ ಲೋಕಕ್ಕೆ ಕಳಿಸುತ್ತಿವೆ.

ಮುಂದಿನ ಶುಕ್ರವಾರ ಹುಡುಗನಿಗೆ ಈ ಎರಡೂ ಊರುಗಳ ಕಥೆ ಹೇಳಿದೆ. ನನ್ನ ಹಿಂದಿನ ಉತ್ತರವನ್ನು ವಾಪಸು ಪಡೆಯುತ್ತೇನೆಂದೂ ಹೇಳಿದೆ. “ಹಾಗಾದ್ರೆ ಯಾವುದು ಹಾಕಲಿ?” ಎಂದು ಅವನು ಮತ್ತೆ ಕೇಳಿದ. ನೀನೇ ಯೋಚಿಸು ಎಂದೆ. ಅವನಿಗೆ ಅದು ಹಿಡಿಸಲಿಲ್ಲ; ಫಾದರ್ ಜಾರಿಕೊಂಡರೆಂದೇ ಅವನ ಮುಖ ಹೇಳುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದ ವಾರ ಅವನು ಊರುಗೋಲಿನ ಮೇಲೆ ದೇವಾಲಯದ ಅಂಗಳಕ್ಕೆ ಬಂದ. ಕೈಯಲ್ಲಿ ಅಳತೆ ಟೇಪು, ಜೇಬಿನಲ್ಲಿ ಸೀಮೆಸುಣ್ಣ. ದಾಸವಾಳದ ಗಿಡದ ಬಳಿ ನೆಲದ ಮೇಲೆ ಒಂದು ಗುರುತು ಹಾಕಿ ಅಲ್ಲಿಂದ ಅಳೆದ. 500 ಮೀಟರ್ ಅಂದರೆ 1:72ರಲ್ಲಿ ಏಳು ಮೀಟರಿಗೆ ಕೊಂಚ ಕಡಿಮೆ. ಟೇಪು ನಮ್ಮ ದೇವಾಲಯದ ಮೆಟ್ಟಿಲಿಗೆ ಬಂದು ನಿಂತಿತು. ನಾಶ ಹಬ್ಬಿದ ಎರಡು ಕಿಲೋಮೀಟರ್ ಅಂದರೆ 28 ಮೀಟರ್. ಅಂಗಳ ಮುಗಿದು, ಗೇಟು ದಾಟಿ, ರಸ್ತೆಯಾಚೆಯ ದಿನಸಿ ಅಂಗಡಿಯವರೆಗೆ. ಧರ್ಮೋಪದೇಶ ತರಗತಿ ಮುಗಿಸಿ ಬಂದ ಮಕ್ಕಳು ಸುತ್ತ ನೆರೆದರು. ವೃತ್ತ ಎಳೆಯಲು ಅವರೇ ಟೇಪಿನ ತುದಿ ಹಿಡಿದು ಓಡಿದರು, ನಕ್ಕರು, ಸುಣ್ಣಕ್ಕಾಗಿ ಜಗಳವಾಡಿದರು. ನಾನು ತಡೆಯಲಿಲ್ಲ. ವೃತ್ತದೊಳಗೆ ಒಟ್ಟು ಎಷ್ಟು ಜನ ಹಿಡಿಯುತ್ತಾರೆಂದು ಒಬ್ಬಳು ಕೇಳಿದಳು. ಆಮೇಲೆ ನಗು ಸ್ವಲ್ಪ ಕಡಿಮೆಯಾಯಿತು.

ವಿಮಾನ ಈಗ ಅವರ ಮನೆಯ ಷೋಕೇಸಿನಲ್ಲಿದೆ. ಬೆಳ್ಳಿಬಣ್ಣ ಬಳಿದು, ಗಾಳದ ಗುಂಡುಗಳ ಭಾರಕ್ಕೆ ಮೂತಿಯನ್ನು ನೆಲಕ್ಕೂರಿ ನಿಂತಿದೆ. ಅಜ್ಜಿ ಶನಿವಾರ ಧೂಳು ಒರೆಸುವಾಗ ಅದನ್ನೂ ಒರೆಸುತ್ತಾರೆ. ಮೂತಿಯ ಮೇಲೆ ಇನ್ನೂ ಯಾವ ಹೆಸರೂ ಇಲ್ಲ. ಹಾಳೆ ಪೆಟ್ಟಿಗೆಯಲ್ಲೇ ಇದೆ. ಹೋದ ವಾರ ವಿಚಾರಿಸಿದಾಗ, “ಇನ್ನೂ ಯೋಚನೆ ಮಾಡ್ತಿದೀನಿ ಫಾದರ್” ಎಂದ.