ಹಣ ಕೊಟ್ಟು ಕೊಳ್ಳುವ ಆಟದ ಅಲಂಕಾರ ನಿರಪಾಯವೇ?

ವಿಡಿಯೋ ಗೇಮ್‌ಗಳಲ್ಲಿ ಹಣಕ್ಕೆ ಸಿಗುವ ಕೆಲವು ವಸ್ತುಗಳು ಆಟದ ಬಲಾಬಲವನ್ನೇ ಬದಲಿಸುತ್ತವೆ: ಹೆಚ್ಚು ಪೆಟ್ಟು ಕೊಡುವ ಬಂದೂಕು, ಬೇಗ ಓಡುವ ಕಾರು, ಸುಲಭಕ್ಕೆ ಒಡೆಯದ ಕವಚ. ಇನ್ನು ಕೆಲವು ಕಣ್ಣಿಗೆ ಕಾಣುವ ರೂಪವನ್ನಷ್ಟೇ ಬದಲಿಸುತ್ತವೆ: ಪಾತ್ರದ ಉಡುಪು, ಬಂದೂಕಿನ ಮೇಲಿನ ಚಿತ್ತಾರ, ಗೆದ್ದಾಗ ಪಾತ್ರ ಕುಣಿಯುವ ಕುಣಿತ. ಆಡುವವರ ಬಾಯಲ್ಲಿ ಇವು ಸ್ಕಿನ್, ಎಮೋಟ್. ಬಲವನ್ನು ಮಾರುವುದು ಅನ್ಯಾಯ ಎಂಬುದರ ಬಗ್ಗೆ ಆಟಗಾರರಲ್ಲಿ ಹೆಚ್ಚು ತಕರಾರಿಲ್ಲ. ಅಲಂಕಾರವನ್ನು ಮಾರುವುದರ ಬಗ್ಗೆ ಮಾತ್ರ ಒಂದು ಸಿದ್ಧ ಉತ್ತರ ಚಾಲ್ತಿಯಲ್ಲಿದೆ: ಅದು ಬರೀ ಅಂದಕ್ಕೆ, ಅದರಿಂದ ಯಾರಿಗೂ ನಷ್ಟವಿಲ್ಲ, ಬೇಕಾದವರು ಕೊಳ್ಳಲಿ, ಬೇಡದವರು ಬಿಡಲಿ. ಕೇಳಲು ಇದು ವ್ಯಾಪಾರದ ಮಾತು. ಅದರೊಳಗೆ ಒಂದು ನೀತಿಸಿದ್ಧಾಂತವೇ ಅಡಗಿದೆ.

ಈ ಉತ್ತರ ಒಮ್ಮೆಲೇ ಹುಟ್ಟಿದ್ದಲ್ಲ. 2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ ತನ್ನ ‘ಆಬ್ಲಿವಿಯನ್’ ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರ್‌ಗೆ ಮಾರಿದಾಗ ಆಟಗಾರರು ಕೆರಳಿದರು. ಪೂರ್ತಿ ಬೆಲೆ ತೆತ್ತು ಕೊಂಡ ಆಟದಲ್ಲಿ ಕುದುರೆಯ ಚೆಂದಕ್ಕೆ ಮತ್ತೆ ದುಡ್ಡು ಕೊಡಬೇಕೇ ಎಂಬುದು ಅವರ ಸಿಟ್ಟು. 2017ರಲ್ಲಿ ಇಎ ಕಂಪನಿಯ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟದಲ್ಲಿ ಹಣ ಸುರಿದವರಿಗೆ ಬಲ ದಕ್ಕುವ ಏರ್ಪಾಡು ಕಾಣಿಸಿಕೊಂಡಿತು. ಪ್ರತಿಭಟನೆ ಎಷ್ಟು ಜೋರಾಗಿತ್ತೆಂದರೆ ಆಟ ಬಿಡುಗಡೆಯಾಗುವ ಹೊತ್ತಿಗೆ ಕಂಪನಿ ಆ ಮಾರಾಟವನ್ನೇ ನಿಲ್ಲಿಸಿತು. ಮರುವರ್ಷ ಅದು ಮತ್ತೆ ಶುರುವಾಯಿತು, ಈ ಸಲ ಅಲಂಕಾರಕ್ಕೆ ಮಾತ್ರ. ಹಿಂದೊಮ್ಮೆ ನಗೆಪಾಟಲಾಗಿದ್ದ ವಸ್ತುವೇ ಹೀಗೆ ಒಪ್ಪಿತ ರಾಜಿಯಾಯಿತು. 2017ರಲ್ಲೇ ಬಂದ ಎಪಿಕ್ ಗೇಮ್ಸ್‌ನ ‘ಫೋರ್ಟ್‌ನೈಟ್ ಬ್ಯಾಟಲ್ ರಾಯಲ್’ ಆಡಲು ಪೂರ್ತಿ ಉಚಿತ. ಉಡುಪು, ಕುಣಿತಗಳ ಮಾರಾಟವೇ ಅದರ ಜೀವನಾಧಾರ. 2018 ಮತ್ತು 2019ರಲ್ಲಿ ಫೋರ್ಟ್‌ನೈಟ್ ಒಟ್ಟು 900 ಕೋಟಿ ಡಾಲರ್‌ಗೂ ಮಿಕ್ಕಿ ಗಳಿಸಿತ್ತೆಂಬುದು ಆಪಲ್ ವಿರುದ್ಧ ಎಪಿಕ್ ಹೂಡಿದ ಮೊಕದ್ದಮೆಯಲ್ಲಿ ಹೊರಬಿತ್ತು. ಯಾರಿಗೂ ಅಗತ್ಯವಿಲ್ಲ ಎನ್ನಲಾಗುವ ವಸ್ತುವಿಗೆ ಇಷ್ಟು ಹಣ ಹರಿದುಬರುವುದಾದರೆ, ಆ ‘ಅಗತ್ಯವಿಲ್ಲ’ ಎಂಬ ಮಾತನ್ನೇ ಮೊದಲು ಪರೀಕ್ಷಿಸಬೇಕಾಗುತ್ತದೆ.

‘ಬೇಕಾದವರು ಕೊಳ್ಳಲಿ’ ಎಂಬ ವಾದದ ತಾಯಿಬೇರು ಜಾನ್ ಸ್ಟುವರ್ಟ್ ಮಿಲ್ 1859ರ ‘ಆನ್ ಲಿಬರ್ಟಿ’ಯಲ್ಲಿ ಮಂಡಿಸಿದ ತತ್ತ್ವದಲ್ಲಿದೆ. ಒಬ್ಬನ ನಡೆಯಿಂದ ಇತರರಿಗೆ ಹಾನಿಯಾಗದಿದ್ದರೆ ಅವನನ್ನು ಬಲವಂತದಿಂದ ತಡೆಯುವ ಅಧಿಕಾರ ಸಮಾಜಕ್ಕಿಲ್ಲ. ಅವನ ಒಳ್ಳೆಯದಕ್ಕೇ ತಡೆಯುತ್ತಿದ್ದೇವೆ ಎಂಬ ಸಮರ್ಥನೆಯೂ ನಡೆಯದು. ಈ ವಾದವನ್ನು ಎತ್ತಿ ಹಿಡಿಯುವವರು ಮಿಲ್ ಅಲ್ಲೇ ಹಾಕಿದ ಎಲ್ಲೆಗಳನ್ನು ಮರೆಯುತ್ತಾರೆ. ತಡೆಯುವ ಹಕ್ಕಿಲ್ಲ ಎಂದ ಮಾತ್ರಕ್ಕೆ ಆ ನಡೆ ಒಳ್ಳೆಯದೆಂದು ಆತ ಹೇಳಲಿಲ್ಲ. ತಿಳಿಹೇಳುವುದಕ್ಕೆ, ವಾದಿಸುವುದಕ್ಕೆ, ಬೇಡಿಕೊಳ್ಳುವುದಕ್ಕೆ ಧಾರಾಳ ಅವಕಾಶ ಇಟ್ಟ. ಅದಕ್ಕಿಂತ ಮುಖ್ಯವಾಗಿ, ಈ ತತ್ತ್ವ ಬುದ್ಧಿ ಬಲಿತವರಿಗೆ ಮಾತ್ರ, ಮಕ್ಕಳಿಗಲ್ಲ ಎಂದು ಸ್ಪಷ್ಟವಾಗಿ ಬರೆದ. ಸ್ಕಿನ್ ಕೊಳ್ಳುವವರಲ್ಲಿ ಎಷ್ಟೋ ಮಂದಿ ಶಾಲೆಗೆ ಹೋಗುವ ಮಕ್ಕಳು ಎಂಬುದನ್ನು ನೆನೆದರೆ, ವಾದದ ಅರ್ಧ ಬಲ ಅಲ್ಲೇ ಕುಸಿಯುತ್ತದೆ.

ಅಲಂಕಾರ ಆಟದ ಬಲಾಬಲವನ್ನು ಮುಟ್ಟುವುದಿಲ್ಲ ಎಂಬುದು ಬಹುಮಟ್ಟಿಗೆ ನಿಜ. ‘ಕಾಲ್ ಆಫ್ ಡ್ಯೂಟಿ: ವಾರ್‌ಜೋನ್’ನಲ್ಲಿ ರೋಜ್ ಎಂಬ ಪಾತ್ರದ ಕಡುಗಪ್ಪು ಉಡುಪು ತೊಟ್ಟವರು ಕತ್ತಲ ಮೂಲೆಗಳಲ್ಲಿ ಕಣ್ಣಿಗೇ ಬೀಳುತ್ತಿರಲಿಲ್ಲ, ದೂರುಗಳು ಬಂದ ಮೇಲೆ 2021ರಲ್ಲಿ ಅದನ್ನು ತಿಳಿಗೊಳಿಸಲಾಯಿತು. ಇಂಥವು ಅಪವಾದಗಳು. ಇವುಗಳ ಮೇಲೆ ಇಡೀ ವಾದವನ್ನು ನಿಲ್ಲಿಸುವುದು ಸರಿಯಲ್ಲ.

ಅಲಂಕಾರವೇ ದೋಷವೆಂದು ಹೇಳುವುದೂ ಸಲ್ಲದು. ಹಣವನ್ನು ಕೈಗೆ ಸಿಗದ ವಸ್ತುವಿಗೆ ಸುರಿಯುವುದೇ ಮೂಢತನ ಎಂದು ಹಿರಿಯರು ಬೈಯುವುದುಂಟು. ಆ ಬೈಗುಳದಲ್ಲಿ ವಿಚಾರ ಕಡಿಮೆ. ದೇವರ ಪೂಜೆಯ ಹದಿನಾರು ಉಪಚಾರಗಳಲ್ಲಿ ವಸ್ತ್ರ, ಆಭರಣಗಳಿಗೆ ಜಾಗವಿದೆ. ಮೇಲುಕೋಟೆಯಲ್ಲಿ ಚೆಲುವನಾರಾಯಣನಿಗೆ ವೈರಮುಡಿ ತೊಡಿಸುವ ರಾತ್ರಿ ಸಾವಿರಾರು ಜನ ನೆರೆಯುವುದು ಆ ಕಿರೀಟವನ್ನು ಧರಿಸಿದ ರೂಪವನ್ನು ನೋಡುವುದಕ್ಕೇ. ವೇಷ ಕಟ್ಟಿ ಇನ್ನೊಬ್ಬನಾಗುವ ಸಂತೋಷ ಯಕ್ಷಗಾನ ಬಲ್ಲ ನಾಡಿಗೆ ಹೊಸದಲ್ಲ. ಆಟದೊಳಗಿನ ತನ್ನ ಪಾತ್ರ ಚೆನ್ನಾಗಿ ಕಾಣಲಿ ಎಂದು ಬಯಸುವವರು ಅದೇ ಹಳೆಯ ಮಾನವ ಸಂತೋಷವನ್ನು ಬಯಸುತ್ತಿದ್ದಾರೆ. ಆ ಉಡುಪನ್ನು ಬಿಡಿಸಿದ ಚಿತ್ರಕಾರರ ದುಡಿಮೆಗೂ ಬೆಲೆಯಿದೆ. ತನ್ನ ಸಂಪಾದನೆಯಲ್ಲಿ, ಬೆಲೆ ತಿಳಿದು, ಮೆಚ್ಚಿ ಒಂದು ಉಡುಪನ್ನು ಕೊಂಡ ವಯಸ್ಕನಲ್ಲಿ ಹುಡುಕಿದರೂ ತಪ್ಪು ಸಿಗದು.

ತೊಡಕು ಶುರುವಾಗುವುದು ಅಲಂಕಾರ ಇಲ್ಲದವರ ಕಡೆಯಿಂದ. ಆ್ಯಡಮ್ ಸ್ಮಿತ್ 1776ರ ‘ವೆಲ್ತ್ ಆಫ್ ನೇಷನ್ಸ್’ನಲ್ಲಿ ನಾರುಬಟ್ಟೆಯ ಅಂಗಿಯ ಉದಾಹರಣೆ ಕೊಡುತ್ತಾನೆ. ಬದುಕಲು ಅಂಥ ಅಂಗಿ ಬೇಕಿಲ್ಲ. ಪ್ರಾಚೀನ ಗ್ರೀಕರು, ರೋಮನ್ನರು ಅದಿಲ್ಲದೆಯೇ ಸುಖವಾಗಿದ್ದರು. ಆದರೆ ತನ್ನ ಕಾಲದ ಯುರೋಪಿನಲ್ಲಿ ದಿನಗೂಲಿಯವನು ಕೂಡ ಅದಿಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚುತ್ತಾನೆ, ಆದ್ದರಿಂದ ಅದನ್ನು ಅಗತ್ಯ ವಸ್ತುಗಳ ಸಾಲಿಗೇ ಸೇರಿಸಬೇಕು ಎಂಬುದು ಸ್ಮಿತ್‌ನ ನಿಲುವು. ಒಂದು ವಸ್ತು ಅಗತ್ಯವೋ ಅಲ್ಲವೋ ಎಂಬುದು ಆ ವಸ್ತುವಿನಲ್ಲಿ ಇರುವುದಿಲ್ಲ. ಅದಿಲ್ಲದವನನ್ನು ಸುತ್ತಲಿನವರು ಹೇಗೆ ನೋಡುತ್ತಾರೆ ಎಂಬುದರಲ್ಲಿರುತ್ತದೆ.

ಫೋರ್ಟ್‌ನೈಟ್‌ನಲ್ಲಿ ಏನನ್ನೂ ಕೊಳ್ಳದವರಿಗೆ ಆಟವೇ ಒಂದು ಮಾಮೂಲಿ ರೂಪ ಕೊಡುತ್ತದೆ. ಮಕ್ಕಳ ನಡುವೆ ‘ಡಿಫಾಲ್ಟ್’ ಎಂಬುದು ಹೀಯಾಳಿಸುವ ಪದವಾಗಿ ಬಳಕೆಗೆ ಬಂತು. ಅದರ ಅರ್ಥ ಆಡಲು ಬಾರದವನು, ಅಥವಾ ಕೊಳ್ಳಲು ಗತಿಯಿಲ್ಲದವನು. ಗುಂಡು ಹಾರಿಸುವ ಕೌಶಲ ಎಷ್ಟೇ ಇರಲಿ, ಆಟಕ್ಕೆ ಮುನ್ನ ಎಲ್ಲರೂ ಸೇರುವ ಲಾಬಿಯಲ್ಲಿ ನಿಂತ ಕ್ಷಣಕ್ಕೇ ತೀರ್ಪು ಬಿದ್ದಿರುತ್ತದೆ. ಮನೆಯ ಸಿರಿತನ ತರಗತಿಯಲ್ಲಿ ಮೈಮೇಲೆ ಕಾಣದಿರಲಿ ಎಂದು ಶಾಲೆಗಳು ಸಮವಸ್ತ್ರ ತಂದವು. ಅದೇ ಮಕ್ಕಳು ಸಂಜೆ ಕೂಡುವ ಇನ್ನೊಂದು ಅಂಗಳದಲ್ಲಿ ಬಟ್ಟೆಯೇ ಅಂತಸ್ತಿನ ಗುರುತಾಗಿ ಮರಳಿದೆ. ಆಟದ ನಿಯಮದ ಮಟ್ಟಿಗೆ ಸ್ಕಿನ್‌ನಿಂದ ಯಾರಿಗೂ ನಷ್ಟವಿಲ್ಲ, ಸರಿ. ಆದರೆ ಸ್ಕಿನ್ ಕೆಲಸ ಮಾಡುವ ಜಾಗ ನಿಯಮಗಳಲ್ಲಿಲ್ಲ, ಜೊತೆಗಾರರ ಕಣ್ಣುಗಳಲ್ಲಿದೆ. ಹಾನಿಯನ್ನು ಅಳೆಯಬೇಕಾದದ್ದೂ ಅಲ್ಲಿಯೇ. ಹನ್ನೆರಡರ ವಯಸ್ಸಿನಲ್ಲಿ ಗೆಳೆಯರ ನಡುವೆ ಸಣ್ಣವನಾಗುವ ನೋವು ಸಣ್ಣದಲ್ಲ.

ಇನ್ನು ಮಾರುವ ಬಗೆ. ಫೋರ್ಟ್‌ನೈಟ್‌ನಲ್ಲಿ ಬೆಲೆ ರೂಪಾಯಿಯಲ್ಲೋ ಡಾಲರ್‌ನಲ್ಲೋ ಇರುವುದಿಲ್ಲ, ವಿ-ಬಕ್ಸ್ ಎಂಬ ಆಟದ ನಾಣ್ಯದಲ್ಲಿರುತ್ತದೆ. ಬಹುಕಾಲ ಆ ನಾಣ್ಯಗಳು 1000, 2800, 5000, 13500ರ ಕಂತೆಗಳಲ್ಲಿ ಸಿಗುತ್ತಿದ್ದವು. ಎಷ್ಟೋ ಉಡುಪುಗಳ ಬೆಲೆ 1200 ಇತ್ತು. ಹಾಗಾಗಿ ಒಂದು ಉಡುಪಿಗೆ ಸಾವಿರದ ಎರಡು ಕಂತೆ ಕೊಳ್ಳಬೇಕಿತ್ತು, 800 ಉಳಿಯುತ್ತಿತ್ತು, ಉಳಿದದ್ದನ್ನು ಬಳಸಬೇಕೆಂದರೆ ಮತ್ತಷ್ಟು ಕೊಳ್ಳಬೇಕಿತ್ತು. ಅಂಗಡಿಯ ಸರಕು ಪ್ರತಿದಿನ ಬದಲಾಗುತ್ತದೆ. ಇಂದು ಕಂಡ ಉಡುಪು ಮತ್ತೆ ಯಾವಾಗ ಬರುತ್ತದೋ ತಿಳಿಯದು. ಚಿತ್ರರೂಪದ ಈ ವಸ್ತು ಮುಗಿದುಹೋಗುವಂಥದ್ದಲ್ಲ, ಎಷ್ಟು ಪ್ರತಿ ಬೇಕಾದರೂ ಕೊಡಬಹುದು. ಅದರ ಕೊರತೆಯನ್ನು ಕೂತು ಯೋಜಿಸಿ ಉಂಟುಮಾಡಲಾಗಿದೆ.

ಅದೃಷ್ಟ ಬೆರೆತರೆ ವಿಷಯ ಇನ್ನೂ ಗಂಭೀರ. ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ನಲ್ಲಿ 2013ರಲ್ಲಿ ಪೆಟ್ಟಿಗೆಗಳು ಬಂದವು, ಕೀಲಿಗೆ ಹಣ ಕೊಟ್ಟು ತೆರೆದರೆ ಯಾವ ಸ್ಕಿನ್ ಬರುತ್ತದೋ ಅದೃಷ್ಟ. ಚೀನಾದ ಕಾನೂನಿನಿಂದಾಗಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ ನೂರರಲ್ಲಿ ಸುಮಾರು 80 ಸಲ ಸಿಗುವುದು ಅತಿ ಕೆಳದರ್ಜೆಯದು. ಎಲ್ಲರೂ ಆಸೆಪಡುವ ಚಾಕು, ಕೈಗವಸುಗಳ ಪಾಲು ಶೇಕಡಾ 0.26. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಇಂಥ ಪೆಟ್ಟಿಗೆಗಳು ಜೂಜೆಂದು ನಿರ್ಣಯಿಸಿತು. ಆಯೋಗ ಹೆಸರಿಸಿದ ಆಟಗಳಲ್ಲಿ ಒಂದಾದ ‘ಓವರ್‌ವಾಚ್’ನ ಪೆಟ್ಟಿಗೆಗಳಲ್ಲಿ ಅಲಂಕಾರವಲ್ಲದೆ ಬೇರೇನೂ ಇರಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಆಟಗಾರರು ಒಂದು ವಸ್ತುವಿಗೆ ಬೆಲೆ ಕಟ್ಟುತ್ತಾರೆಂದರೆ ಅದನ್ನು ಪಣವಾಗಿಸುವುದು ಜೂಜೇ. ಬೆಲ್ಜಿಯಂನಲ್ಲಿ ಪೆಟ್ಟಿಗೆಗಳ ಮಾರಾಟ ನಿಂತ ಮೇಲೂ ಅಲ್ಲಿ ಆಟ ನಡೆದೇ ಇತ್ತು, ಅಂದರೆ ಪೆಟ್ಟಿಗೆ ಆಟಕ್ಕೆ ಅನಿವಾರ್ಯವಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲೇ ಒಂದು ಸೂಕ್ತವಾಗಿದೆ. ದಾಳದ ಸೆಳೆತ ಮನೆಮಠ ಕಳೆಯುವುದನ್ನು ಬಲ್ಲ ಪರಂಪರೆಗೆ, ಬಹುಮಾನ ಬರೀ ಬಣ್ಣವೆಂಬ ಸಮಾಧಾನ ಸಾಲದು.

‘ಅದೆಲ್ಲ ಪರದೆಯ ಮೇಲಿನ ಬಣ್ಣ, ವಸ್ತುವೇ ಅಲ್ಲ’ ಎಂಬ ಮಾತಿಗೆ ಜೈನ ದರ್ಶನದಲ್ಲಿ ನೇರವಾದ ಉತ್ತರವಿದೆ. ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹ ಎಂದರೆ ವಸ್ತುಗಳ ರಾಶಿಯಲ್ಲ, ಅವುಗಳ ಬಗ್ಗೆ ಮನಸ್ಸಿಗೆ ಕವಿಯುವ ಮೂರ್ಛೆ, ‘ನನ್ನದು’ ಎಂಬ ಅಂಟು. ವಸ್ತುವಿಗೆ ತೂಕವಿದೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅರಮನೆಯಲ್ಲಿದ್ದೂ ಅಂಟಿಲ್ಲದವನಿರಬಹುದು, ಒಂದು ಹಿಡಿ ಬೆಳಕಿನ ಚುಕ್ಕಿಗಳಿಗೆ ಅಂಟಿಕೊಂಡವನಿರಬಹುದು. ಹಾಗೆಂದು ಜೈನ ಧರ್ಮ ಗೃಹಸ್ಥನಿಗೆ ಎಲ್ಲವನ್ನೂ ಬಿಡು ಎನ್ನುವುದಿಲ್ಲ. ಶ್ರಾವಕನ ವ್ರತಗಳಲ್ಲಿ ಪರಿಗ್ರಹಪರಿಮಾಣವಿದೆ, ಭೋಗೋಪಭೋಗಪರಿಮಾಣವಿದೆ: ಇಷ್ಟು ಇಟ್ಟುಕೊಳ್ಳುತ್ತೇನೆ, ಇಷ್ಟು ಅನುಭವಿಸುತ್ತೇನೆ, ಇದಕ್ಕಿಂತ ಹೆಚ್ಚಿಲ್ಲ ಎಂದು ತಾನೇ ಗೆರೆ ಎಳೆದುಕೊಳ್ಳುವುದು.

ಈ ವ್ರತದ ಜಾಣ್ಮೆ ಅದರ ಹೊತ್ತಿನಲ್ಲಿದೆ. ಗೆರೆ ಎಳೆಯುವುದು ಆಸೆ ಎದ್ದ ಮೇಲಲ್ಲ, ಏಳುವ ಮುಂಚೆ, ಮನಸ್ಸು ತಿಳಿಯಾಗಿದ್ದಾಗ. ಆಟದ ಅಂಗಡಿ ನಿಂತಿರುವುದು ಇದಕ್ಕೆ ತದ್ವಿರುದ್ಧವಾದ ಲೆಕ್ಕದ ಮೇಲೆ. ಇಳಿಯುತ್ತಿರುವ ಗಡಿಯಾರ, ನಾಳೆ ಇರದ ಸರಕು, ತಿರುಗುವ ಚಕ್ರ, ನಾಣ್ಯದ ಮರೆಯಲ್ಲಿ ಮಸುಕಾದ ಬೆಲೆ ಎಲ್ಲವೂ ನಿರ್ಧಾರವನ್ನು ಆಸೆ ಕುದಿಯುವ ಗಳಿಗೆಗೇ ತಂದು ನಿಲ್ಲಿಸುತ್ತವೆ. ಈ ಮಾರಾಟದ ಮುಖ್ಯ ದೋಷ ಇಲ್ಲಿದೆ. ಕೊಳ್ಳುವವರು ಸ್ವತಂತ್ರರು ಎಂದು ಹೇಳುತ್ತಲೇ, ಸ್ವಾತಂತ್ರ್ಯಕ್ಕೆ ಬೇಕಾದ ಆ ಒಂದು ಗಳಿಗೆಯ ಬಿಡುವನ್ನು ಅವರಿಂದ ಕಸಿದುಕೊಳ್ಳಲಾಗುತ್ತದೆ.

ಕೊಳ್ಳುವವರಿಂದಲೇ ಉಳಿದವರಿಗೆ ಆಟ ಉಚಿತ, ಹಾಗಾಗಿ ಇದು ಒಂದು ಬಗೆಯ ಪರೋಪಕಾರ ಎಂಬ ವಾದವೂ ಇದೆ. ದುಬಾರಿ ಫೋನು, ದುಬಾರಿ ಆಟ ಕೊಳ್ಳಲಾಗದ ಕೋಟ್ಯಂತರ ಮಕ್ಕಳಿಗೆ ಒಳ್ಳೆಯ ಆಟ ಕೈಗೆಟುಕಿದ್ದು ಈ ಏರ್ಪಾಡಿನಿಂದಲೇ, ಇದನ್ನು ಕಡೆಗಣಿಸಬಾರದು. ಆದರೆ ದಾನವೆಂದರೆ ಕೊಡುವವನಿಗೆ ತಾನು ಕೊಡುತ್ತಿದ್ದೇನೆಂಬ ಅರಿವಿರಬೇಕು. ಕೈ ತಡೆಯಲಾಗದೆ ಮಿತಿಮೀರಿ ಸುರಿಯುವ ಕೆಲವರ ದೌರ್ಬಲ್ಯದಿಂದ ಉಳಿದವರ ಆಟ ನಡೆಯುವುದಾದರೆ ಅದು ದಾನವಲ್ಲ.

ಮಕ್ಕಳ ವಿಷಯದಲ್ಲಿ ದಾಖಲೆಯೇ ಮಾತಾಡುತ್ತದೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಲ್ಲಿ ಎಪಿಕ್ ಗೇಮ್ಸ್ 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 24.5 ಕೋಟಿ ಗ್ರಾಹಕರಿಗೆ ಮರಳಿಸುವ ಹಣ. ಉಳಿದದ್ದು ಮಕ್ಕಳ ಖಾಸಗಿತನದ ಕಾನೂನು ಮೀರಿದ್ದಕ್ಕೆ ದಂಡ. ಉಡುಪನ್ನು ಬರೀ ನೋಡಲು ಹೋದಾಗ, ನಿದ್ದೆಗೆ ಜಾರಿದ್ದ ಆಟವನ್ನು ಎಬ್ಬಿಸಿದಾಗ, ಒಂದೇ ಗುಂಡಿ ತಪ್ಪಾಗಿ ಒತ್ತಿದರೂ ಹಣ ಕಡಿತವಾಗುತ್ತಿತ್ತು ಎಂಬುದು ಆಯೋಗದ ಆರೋಪ. ಭಾರತದಲ್ಲಿ 2021ರಲ್ಲಿ ಪಬ್‌ಜಿ ಮೊಬೈಲ್‌ನ ಭಾರತೀಯ ಆವೃತ್ತಿಯಾದ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಬಂದಾಗ ಹದಿನೆಂಟರೊಳಗಿನವರ ದಿನದ ಖರ್ಚಿಗೆ 7000 ರೂಪಾಯಿಯ ಮಿತಿ ಹಾಕಲಾಯಿತು. ಈ ದೇಶದ ಬಹುಪಾಲು ಮನೆಗಳ ಒಂದು ದಿನದ ದುಡಿಮೆಗಿಂತ ಅದು ಎಷ್ಟೋ ದೊಡ್ಡ ಮೊತ್ತ. ಅಪ್ಪನ ಫೋನು, ಅಮ್ಮನ ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರುವ ಮನೆಗಳಲ್ಲಿ ಇಂಥ ಮಿತಿಯಿಂದ ರಕ್ಷಣೆ ಸಿಗದು.

ಕೊಂಡದ್ದು ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಸಾಮಾನ್ಯವಾಗಿ ಕೊಳ್ಳುವವರಿಗೆ ಸಿಗುವುದು ಒಡೆತನವಲ್ಲ, ಬಳಸುವ ಪರವಾನಗಿ. ಸರ್ವರ್ ನಿಂತರೆ ಅದೂ ಮುಗಿಯಿತು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಗಿ ಅಕ್ಟೋಬರ್ ಕೊನೆಗೆ ಭಾರತದಲ್ಲಿ ಸೇವೆ ನಿಂತಾಗ, ವರ್ಷಗಟ್ಟಲೆ ಕೂಡಿಟ್ಟ ಸ್ಕಿನ್‌ಗಳು ಒಂದೇ ರಾತ್ರಿಯಲ್ಲಿ ಕೈಬಿಟ್ಟವು. ಮರುವರ್ಷ ಬಿಜಿಎಂಐ ಹಳೆಯ ಖಾತೆಯನ್ನು ವರ್ಗಾಯಿಸಲು ಅವಕಾಶ ಕೊಟ್ಟದ್ದರಿಂದ ಹಲವರಿಗೆ ಅವು ಮರಳಿದವು. ಕಂಪನಿ ಕೊಟ್ಟಿತು ಎಂದು ಬಂತೇ ಹೊರತು ಆಟಗಾರರ ಹಕ್ಕಿನಿಂದ ಬಂದದ್ದಲ್ಲ. ಅನಿತ್ಯವಾದದ್ದನ್ನು ಮಾರುವುದರಲ್ಲಿ ದೋಷವಿಲ್ಲ. ಹೂವನ್ನೂ ಮಾರುತ್ತಾರೆ, ಬಾಡುತ್ತದೆಂದು ಕೊಳ್ಳುವವರಿಗೂ ಗೊತ್ತಿರುತ್ತದೆ. ಆಟದ ಅಂಗಡಿಯಲ್ಲಿ ಆ ತಿಳಿವಳಿಕೆ ಯಾರೂ ಓದದ ಷರತ್ತುಗಳ ಪುಟಗಳಲ್ಲಿ ಹೂತಿರುತ್ತದೆ, ಗುಂಡಿಯ ಮೇಲೆ ಮಾತ್ರ ‘ಕೊಳ್ಳಿ’ ಎಂದಿರುತ್ತದೆ. ಇಂತಿಷ್ಟು ರೂಪಾಯಿ, ಸರ್ವರ್ ಇರುವವರೆಗೆ ಮಾತ್ರ, ಬೇಡವೆನಿಸಿದರೆ ಇಷ್ಟು ದಿನದೊಳಗೆ ಹಣ ವಾಪಸ್ ಎಂದು ಅದೇ ಗುಂಡಿಯ ಪಕ್ಕದಲ್ಲಿ ಬರೆಯಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ.