ಯಾಪ್ಯವ್ಯಾಧಿಯೂ ಶ್ರದ್ಧೆಯೂ

ರೋಗವನ್ನು ನಿರ್ಮೂಲ ಮಾಡುವೆನೆಂದು ಹೇಳದ, ತನ್ನ ಕಾರ್ಯದ ಕ್ರಮವೇ ಪೂರ್ಣವಾಗಿ ತಿಳಿದಿಲ್ಲವೆಂದು ಒಪ್ಪಿಕೊಳ್ಳುವ, ತನ್ನಿಂದ ಸಂಭವಿಸಬಹುದಾದ ಕೇಡುಗಳನ್ನು ತಾನೇ ಮುಂದಾಗಿ ಎಣಿಸಿ ಹೇಳುವ ಔಷಧವೊಂದರಲ್ಲಿ ಮನುಷ್ಯನು ಶ್ರದ್ಧೆಯಿಡಬಹುದೆ? ಇಡಬಹುದಾದರೆ ಆ ಶ್ರದ್ಧೆಯ ಸ್ವರೂಪವೇನು? ಇದು ಮೇಲುನೋಟಕ್ಕೆ ವೈದ್ಯರು ಉತ್ತರಿಸಬೇಕಾದ ಪ್ರಶ್ನೆಯೆಂದು ತೋರಬಹುದು. ಆದರೆ ಫಲದ ನಿಶ್ಚಯವಿಲ್ಲದೆ ಕರ್ಮವನ್ನು ಆಚರಿಸುವುದು ಹೇಗೆ, ಅರಿವು ಅಪೂರ್ಣವಾಗಿರುವಾಗಲೂ ಹೆಜ್ಜೆಯಿಡುವುದು ಹೇಗೆ ಎಂದು ನಮ್ಮ ಪೂರ್ವಿಕರು ಬಹುಕಾಲದಿಂದ ಚಿಂತಿಸುತ್ತ ಬಂದ ಪ್ರಶ್ನೆಯೂ ಇದೇ ಆಗಿದೆ.

ನನ್ನ ಚಿಂತನೆಗೆ ಆಧಾರವಾಗಿರುವುದು ಗ್ಲಾಟಿರಾಮರ್ ಅಸಿಟೇಟ್ ಎಂಬ ಚುಚ್ಚುಮದ್ದಿನೊಡನೆ ಬರುವ ವಿವರಪತ್ರ. ಆ ಮದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಗೆ ಸಂಬಂಧಿಸಿದ್ದು. ರೋಗಿಗಳೂ ವೈದ್ಯರೂ ಸಂಕ್ಷೇಪವಾಗಿ ಅದನ್ನು ಎಂ.ಎಸ್. ಎನ್ನುತ್ತಾರೆ. 1868ರಲ್ಲಿ ಪ್ಯಾರಿಸಿನ ವೈದ್ಯ ಶಾರ್ಕೋ ಇದನ್ನು ಒಂದು ಪ್ರತ್ಯೇಕ ವ್ಯಾಧಿಯೆಂದು ನಿರೂಪಿಸಿದನು. ಹೊರಗಣ ಶತ್ರುಗಳಿಂದ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ, ಮಿದುಳು, ಬೆನ್ನುಹುರಿ, ಕಣ್ಣಿನ ನರ ಇವುಗಳ ತಂತುಗಳನ್ನು ಹೊದೆದಿರುವ ಮಯಲಿನ್ ಎಂಬ ಕವಚವನ್ನು ಕೆಡಿಸುವುದು ಇದರ ಲಕ್ಷಣ. ಒಮ್ಮೆ ದೃಷ್ಟಿ ಮಸುಕಾಗುತ್ತದೆ, ಇನ್ನೊಮ್ಮೆ ಕಾಲು ಜೋಮುಹಿಡಿದು ನಡಿಗೆ ತಪ್ಪುತ್ತದೆ, ಮತ್ತೊಮ್ಮೆ ನಿದ್ರೆಯಿಂದಲೂ ನೀಗದ ಆಯಾಸ ಕವಿಯುತ್ತದೆ; ವಾರಗಳು ಕಳೆದ ಮೇಲೆ ಎಲ್ಲವೂ ಸರಿಹೋದಂತೆ ಕಂಡು, ತಿಂಗಳುಗಳ ಅಥವಾ ವರ್ಷಗಳ ನಂತರ ಮರುಕಳಿಸುತ್ತದೆ. ಇಪ್ಪತ್ತರಿಂದ ನಲವತ್ತರ ವಯಸ್ಸಿನವರಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ, ಇದು ಹೆಚ್ಚು. ಶೀತದೇಶಗಳ ರೋಗವೆಂದು ಬಹುಕಾಲ ಭಾವಿಸಲಾಗಿದ್ದರೂ, ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರು ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಿಂದ, ಆ ನಗರದಲ್ಲಿ ಲಕ್ಷಕ್ಕೆ ಸುಮಾರು ಎಂಟು ಜನರಲ್ಲಿ ಇದು ಇದೆಯೆಂಬುದು ತಿಳಿದುಬಂದಿತು.

ಈ ವ್ಯಾಧಿ ಹೊಕ್ಕ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಉತ್ತರಭಾಗದ ತಣಿಸಂದ್ರ ಒಂದು ತಲೆಮಾರಿನ ಹಿಂದೆ ಹೊಲ ತೋಟಗಳ ಹಳ್ಳಿಯಾಗಿತ್ತು. ಇಂದು ನಾಗವಾರದ ಕಡೆಯಿಂದ ಬರುವ ಮುಖ್ಯರಸ್ತೆಯ ಇಕ್ಕೆಲಗಳಲ್ಲಿ ಬಹುಮಹಡಿಯ ವಸತಿಗಳು ಎದ್ದಿವೆ. ಮಾನ್ಯತಾ ಟೆಕ್ ಪಾರ್ಕಿಗೂ ಹೆಬ್ಬಾಳದ ಕಚೇರಿಗಳಿಗೂ ಹೋಗಿಬರುವ ತರುಣ ತರುಣಿಯರು, ಅವರೊಡನೆ ಇರಲೆಂದು ಊರುಬಿಟ್ಟು ಬಂದ ತಂದೆತಾಯಿಗಳು ಅಲ್ಲಿ ನೆಲೆಸಿದ್ದಾರೆ. ಈ ವ್ಯಾಧಿ ಆರಿಸಿಕೊಳ್ಳುವ ವಯಸ್ಸು ಆ ತರುಣ ತರುಣಿಯರದೇ. ಇಂಥ ಒಂದು ಮನೆಯ ಮಗಳಿಗೆ ಎಂ.ಆರ್.ಐ. ಆದಮೇಲೆ ವೈದ್ಯರು ಈ ಹೆಸರನ್ನು ಉಚ್ಚರಿಸಿದರೆಂದು ಭಾವಿಸೋಣ. ತಾಯಿಯ ಬಾಯಿಂದ ಮೊದಲು ಹೊರಡುವ ಮಾತು ಔಷಧದ ವಿಚಾರವಾಗಿರುವುದಿಲ್ಲ. "ಯಾವ ಜನ್ಮದಲ್ಲಿ ಏನು ಮಾಡಿದ್ದೆವೋ" ಎಂಬುದಾಗಿರುತ್ತದೆ. ಜಾತಕ ಹೊರಬರುತ್ತದೆ, ನಾಗದೋಷವಿರಬಹುದೆಂದು ಯಾರೋ ಹೇಳುತ್ತಾರೆ, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಸಲ್ಲುತ್ತದೆ.

ಹೀಗೆ ಕೇಳುವವರನ್ನು ಅಜ್ಞರೆಂದು ಹಳಿಯುವುದು ನ್ಯಾಯವಲ್ಲ. ಕಾರಣ ತಿಳಿಯದ ದುಃಖವನ್ನು ಹೊರುವುದು ಕಷ್ಟ. ದೇವರ ಮುಂದೆ ಕೈಮುಗಿದು ಮನಸ್ಸು ಹಗುರವಾಗುವುದಾದರೆ ಅದನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಕರ್ಮಸಿದ್ಧಾಂತವನ್ನು ರೋಗಿಯ ಮೇಲಣ ಆರೋಪವನ್ನಾಗಿ ಮಾರ್ಪಡಿಸುವುದು ಆ ಸಿದ್ಧಾಂತಕ್ಕೇ ಬಗೆಯುವ ಅಪಚಾರ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಆಯುಸ್ಸು ನಿಯತವೋ ಅನಿಯತವೋ ಎಂದು ಅಗ್ನಿವೇಶನು ಕೇಳಿದಾಗ, ಅವನ ಗುರು ಆತ್ರೇಯನು ದೈವ ಪುರುಷಕಾರಗಳ ಬಲಾಬಲಗಳನ್ನು ತೂಗಿ, ದುರ್ಬಲವಾದ ದೈವವನ್ನು ಪ್ರಬಲವಾದ ಪುರುಷಪ್ರಯತ್ನವು ಹಿಮ್ಮೆಟ್ಟಿಸಬಲ್ಲದೆಂದೂ, ಎಲ್ಲವೂ ಮೊದಲೇ ನಿಯತವಾಗಿದ್ದ ಪಕ್ಷಕ್ಕೆ ಔಷಧಕ್ಕಾಗಲಿ ಮಂತ್ರಕ್ಕಾಗಲಿ ಪ್ರಯೋಜನವೇ ಇರುತ್ತಿರಲಿಲ್ಲವೆಂದೂ ಪ್ರತಿಪಾದಿಸುತ್ತಾನೆ. ಆಧುನಿಕ ವಿಜ್ಞಾನವೂ ರೋಗಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದಿಲ್ಲ. ಅಮೆರಿಕದ ಸೇನೆಯ ಒಂದು ಕೋಟಿಗೂ ಮಿಕ್ಕ ಜನರ ಸಮೂಹವನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಎಪ್‌ಸ್ಟೈನ್-ಬಾರ್ ಎಂಬ ವೈರಾಣುವಿನ ಸೋಂಕಿನ ನಂತರ ಈ ವ್ಯಾಧಿಯ ಸಂಭವ 32 ಪಟ್ಟು ಏರುವುದೆಂದು ತೋರಿಸಿತು. ಆದರೆ ಲೋಕದ ಪ್ರೌಢವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ದೇಹದಲ್ಲಿ ಆ ವೈರಾಣು ಇದ್ದೇ ಇದೆ. ಅವರಲ್ಲಿ ವ್ಯಾಧಿಗೆ ತುತ್ತಾಗುವವರು ಅತ್ಯಲ್ಪ. ವಂಶದ ಗುಣ, ಸೂರ್ಯಪ್ರಕಾಶ, ಧೂಮಪಾನ ಮುಂತಾದ ಹಲವು ಎಳೆಗಳು ಸೇರಿ ಉಂಟಾಗುವ ಈ ಸಂಗತಿಯಲ್ಲಿ ಪಾಪಪುಣ್ಯಗಳ ಲೆಕ್ಕವನ್ನು ಓದಹೊರಡುವುದು ವ್ಯರ್ಥ.

ಇನ್ನು ಆ ವಿವರಪತ್ರವನ್ನೇ ತೆರೆಯೋಣ. ಔಷಧದ ಕಾರ್ಯವಿಧಾನವನ್ನು ಹೇಳಬೇಕಾದ ಎಡೆಯಲ್ಲಿ, ಅದು ಪೂರ್ಣವಾಗಿ ತಿಳಿದಿಲ್ಲವೆಂದೂ, ದೇಹದ ರಕ್ಷಣಾಕ್ರಿಯೆಗಳನ್ನು ಮಾರ್ಪಡಿಸುವುದರ ಮೂಲಕ ಕೆಲಸಮಾಡುವುದೆಂದು ಊಹಿಸಲಾಗಿದೆಯೆಂದೂ ಬರೆದಿದೆ. ಇದರ ಹಿಂದಣ ಚರಿತ್ರೆ ಅರಿವಿನ ಮಿತಿಯನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಇಸ್ರೇಲಿನ ವೈಜ಼್‌ಮನ್ ವಿಜ್ಞಾನಸಂಸ್ಥೆಯಲ್ಲಿ ಮೈಕೇಲ್ ಸೆಲಾ, ರೂತ್ ಆರ್ನಾನ್, ದ್ವೋರಾ ಟೈಟೆಲ್‌ಬಾಮ್ ಎಂಬುವರು 1960ರ ದಶಕದಲ್ಲಿ ಗ್ಲುಟಾಮಿಕ್ ಆಮ್ಲ, ಅಲನಿನ್, ಟೈರೋಸಿನ್, ಲೈಸಿನ್ ಎಂಬ ನಾಲ್ಕು ಅಮೈನೋ ಆಮ್ಲಗಳನ್ನು ಜೋಡಿಸಿ, ಮಯಲಿನ್ನಿನ ಒಂದು ಘಟಕವನ್ನು ಹೋಲುವ ದ್ರವ್ಯವನ್ನು ನಿರ್ಮಿಸಿದರು. ಪ್ರಯೋಗಪ್ರಾಣಿಗಳಲ್ಲಿ ಎಂ.ಎಸ್.ಗೆ ಸದೃಶವಾದ ರೋಗವನ್ನು ಉಂಟುಮಾಡಬಲ್ಲ ದ್ರವ್ಯವನ್ನು ಪಡೆಯುವುದು ಅವರ ಉದ್ದೇಶವಾಗಿತ್ತು. ಅದು ರೋಗವನ್ನು ಉಂಟುಮಾಡಲಿಲ್ಲ, ಪ್ರತಿಯಾಗಿ ತಡೆಯಿತು. ಅಲ್ಲಿಂದ ಸುಮಾರು ಮೂರು ದಶಕಗಳ ಪರಿಶ್ರಮದ ನಂತರ, 1996ರ ಡಿಸೆಂಬರಿನಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಅನುಮತಿಯಿತ್ತಿತು. ಹುಡುಕಿದ್ದು ಒಂದು, ದೊರೆತದ್ದು ಅದಕ್ಕೆ ವಿರುದ್ಧವಾದದ್ದು. ದೊರೆತದ್ದನ್ನು ತಮ್ಮ ನಿರೀಕ್ಷೆಗೆ ತಕ್ಕಂತೆ ತಿದ್ದಹೊರಡದೆ, ಕಂಡುದನ್ನು ಕಂಡಂತೆ ಸ್ವೀಕರಿಸಿದ ಆ ಸತ್ಯನಿಷ್ಠೆಯೇ ಔಷಧವಾಗಿ ಪರಿಣಮಿಸಿತು.

ಫಲದ ವಿಚಾರಕ್ಕೆ ಬಂದರೆ ಪತ್ರದ ಮಾತು ಮತ್ತಷ್ಟು ಮಿತವಾದದ್ದು. 251 ರೋಗಿಗಳ ಮೇಲೆ ಎರಡು ವರ್ಷ ನಡೆದ ಪರೀಕ್ಷೆಯಲ್ಲಿ, ಔಷಧವಿಲ್ಲದ ಸೂಜಿಯನ್ನು ಪಡೆದವರಿಗೆ ಸರಾಸರಿ 1.68 ಬಾರಿ ರೋಗ ಮರುಕಳಿಸಿದರೆ, ಔಷಧ ಪಡೆದವರಿಗೆ 1.19 ಬಾರಿ ಮರುಕಳಿಸಿತು. ಎರಡು ವರ್ಷವೂ ಮರುಕಳಿಕೆಯಿಲ್ಲದೆ ಉಳಿದವರು ಔಷಧ ಪಡೆದವರಲ್ಲಿ ನೂರಕ್ಕೆ 34, ಪಡೆಯದವರಲ್ಲಿ ನೂರಕ್ಕೆ 27. ಆ ಮಗಳು ಈ ಅಂಕಿಗಳಲ್ಲಿ ತನ್ನ ಭವಿಷ್ಯವನ್ನು ಹುಡುಕಿದರೆ ಅದು ಸಿಗುವುದಿಲ್ಲ. ಸರಾಸರಿಯೆಂಬುದು ಸಮೂಹದ ಧರ್ಮ; ನೋವು ವ್ಯಕ್ತಿಯದು. ಒಂದು ವರ್ಷ ಅವಳ ಕಣ್ಣು ಮಂಜಾಗದೆ, ಕಾಲು ತಡವರಿಸದೆ ಕಳೆಯಿತೆಂದುಕೊಳ್ಳಿ. ಅದು ಔಷಧದಿಂದಲೋ, ರೋಗವು ತಾನಾಗಿಯೇ ವಿರಮಿಸಿದ್ದರಿಂದಲೋ ಎಂಬುದನ್ನು ಅವಳಾಗಲಿ ಅವಳ ವೈದ್ಯರಾಗಲಿ ನಿರ್ಧರಿಸಿ ಹೇಳಲಾರರು. ನೋವನ್ನು ಕಳೆಯುವ ಮಾತ್ರೆಯ ಫಲ ಗಂಟೆಯೊಳಗೆ ಅನುಭವಕ್ಕೆ ಬರುತ್ತದೆ; ಈ ಮದ್ದಿನ ಫಲವಾದರೋ ಆಗದೆ ಉಳಿದ ಆಪತ್ತು. ಆಗದೆ ಉಳಿದದ್ದನ್ನು ಕಂಡವರಾರು?

ಫಲವನ್ನು ತೊರೆದು ಕರ್ತವ್ಯವನ್ನು ಮಾಡಬೇಕೆಂಬ ಗೀತೆಯ ಬೋಧೆಯನ್ನು ಸಂನ್ಯಾಸಿಗಳಿಗೆ ಮೀಸಲಾದ ಆದರ್ಶವೆಂದು ನಾವು ದೂರದಲ್ಲಿಟ್ಟಿದ್ದೇವೆ. ಡಿ. ವಿ. ಗುಂಡಪ್ಪನವರು ತಮ್ಮ ಗೀತಾವ್ಯಾಖ್ಯಾನಕ್ಕೆ 'ಜೀವನಧರ್ಮಯೋಗ'ವೆಂದು ಹೆಸರಿಟ್ಟದ್ದು ಸಂಸಾರದ ನಡುವಣ ಮನುಷ್ಯನನ್ನು ಕಣ್ಮುಂದಿಟ್ಟುಕೊಂಡೇ. ತಣಿಸಂದ್ರದ ಆ ಮನೆಯಲ್ಲಿ ಈ ಯೋಗವು ವಾರಕ್ಕೆ ಮೂರು ದಿನ ನಡೆಯಬೇಕಾಗುತ್ತದೆ. 40 ಮಿಲಿಗ್ರಾಮಿನ ಮದ್ದನ್ನು, ಎರಡರ ನಡುವೆ 48 ಗಂಟೆಗಳಿಗೆ ಕಡಿಮೆಯಾಗದಂತೆ, ಚರ್ಮದ ಕೆಳಗೆ ತಾನೇ ಚುಚ್ಚಿಕೊಳ್ಳಬೇಕು. ತೋಳು, ತೊಡೆ, ಹೊಟ್ಟೆ, ಸೊಂಟದ ಹಿಂಬದಿ ಎಂದು ಸ್ಥಾನವನ್ನು ಬದಲಿಸುತ್ತ ಹೋಗಬೇಕು. ಮದ್ದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇರಿಸಬೇಕು. ದೇವರಿಗೆಂದು ತಂದ ಮಲ್ಲಿಗೆ, ನಾಳೆಯ ದೋಸೆಹಿಟ್ಟು ಇವುಗಳ ಜೊತೆಗೆ ಆ ಪೊಟ್ಟಣವೂ ಫ್ರಿಜ್ಜಿನಲ್ಲಿ ಸ್ಥಾನ ಪಡೆಯುತ್ತದೆ. ಕರೆಂಟು ಹೋದಾಗ ಮನೆಯವರು ಮೊದಲು ಅದನ್ನು ನೆನೆಯುತ್ತಾರೆ. ಕಾಣುವ ಫಲವಿಲ್ಲದೆ, ಬಾವು ತುರಿಕೆಗಳನ್ನು ಸಹಿಸಿಕೊಂಡು, ವರ್ಷಗಟ್ಟಲೆ ತಪ್ಪದೆ ಇದನ್ನು ನಡೆಸುವವಳ ಆಚರಣೆ ಯಾವ ವ್ರತಕ್ಕೂ ಕಡಿಮೆಯಾದುದಲ್ಲ.

ಪತ್ರದ ಅಂಕಿಗಳ ಹಿಂದೆ ಮನುಷ್ಯರಿದ್ದಾರೆಂಬುದನ್ನೂ ಮರೆಯಬಾರದು. ವಾರಕ್ಕೆ ಮೂರು ಬಾರಿಯ ಕ್ರಮವನ್ನು ಪರೀಕ್ಷಿಸುವುದಕ್ಕಾಗಿ ಒಟ್ಟು 1,404 ರೋಗಿಗಳು ಒಂದು ವರ್ಷ ಸೂಜಿ ಚುಚ್ಚಿಸಿಕೊಂಡರು. ಅವರಲ್ಲಿ 461 ಮಂದಿಗೆ ದೊರೆತದ್ದು ಔಷಧವಿಲ್ಲದ ದ್ರವ. ಅವರೂ ಇದೇ ವ್ಯಾಧಿಯಿಂದ ಪೀಡಿತರು. ತಮಗೆ ಯಾವುದು ಸಿಗುತ್ತಿದೆಯೆಂಬುದನ್ನು ಅರಿಯದೆ, ಔಷಧ ಸಿಗದೆ ಇರಬಹುದೆಂಬುದನ್ನು ಅರಿತೇ, ಒಪ್ಪಿಗೆಯಿತ್ತವರು. ಔಷಧ ಪಡೆದವರಲ್ಲಿ ಮರುಕಳಿಕೆ ನೂರಕ್ಕೆ 34ರಷ್ಟು ಕಡಿಮೆಯಾಯಿತೆಂಬ ಜ್ಞಾನ ಅವರ ದೇಹಗಳ ಮೂಲಕ ನಮಗೆ ಬಂದಿದೆ. ದೇವಋಣ, ಋಷಿಋಣ, ಪಿತೃಋಣಗಳೆಂದು ಮನುಷ್ಯನ ಋಣಗಳನ್ನು ಎಣಿಸಿದ ಪರಂಪರೆ ನಮ್ಮದು. ತಮ್ಮ ವ್ಯಥೆಯನ್ನೇ ಲೋಕಕ್ಕೆ ಅರಿವನ್ನಾಗಿ ಕೊಟ್ಟ ಈ ಅನಾಮಿಕರಿಗೆ ನಾವು ಸಲ್ಲಿಸಬೇಕಾದದ್ದನ್ನು ಋಷಿಋಣವೆಂದರೆ ಅತಿಶಯೋಕ್ತಿಯಾಗದು.

ಎಚ್ಚರಿಕೆಯ ಭಾಗವು ಓದುವವರನ್ನು ಹೆಚ್ಚಾಗಿ ಅಂಜಿಸುತ್ತದೆ. ಚುಚ್ಚಿದ ಕೂಡಲೆ ಮುಖ ಕೆಂಪೇರಬಹುದು, ಎದೆ ನೋಯಬಹುದು, ಹೃದಯ ಡವಗುಟ್ಟಬಹುದು, ಗಂಟಲು ಬಿಗಿಯಬಹುದು. ದಿನವೂ 20 ಮಿಲಿಗ್ರಾಮು ಪಡೆಯುವ ಇನ್ನೊಂದು ಕ್ರಮವನ್ನು ಅನುಸರಿಸಿದವರಲ್ಲಿ ನೂರಕ್ಕೆ 16 ಮಂದಿಗೆ ಹೀಗಾಯಿತು. ಔಷಧವಿಲ್ಲದ ಸೂಜಿಯಿಂದಲೂ ನೂರಕ್ಕೆ ನಾಲ್ವರಿಗೆ ಆಯಿತೆಂಬುದನ್ನೂ ಪತ್ರವೇ ಹೇಳುತ್ತದೆ. ಇವು ಸಾಮಾನ್ಯವಾಗಿ ತಾವಾಗಿಯೇ ಶಮನವಾಗತಕ್ಕವು. ಆದರೆ ಔಷಧ ಬಳಕೆಗೆ ಬಂದು 28 ವರ್ಷಗಳಾದ ಮೇಲೆ, 2025ರ ಜನವರಿಯಲ್ಲಿ, ಅಮೆರಿಕದ ಅದೇ ನಿಯಂತ್ರಣ ಸಂಸ್ಥೆ ಇನ್ನೊಂದು ಎಚ್ಚರಿಕೆಯನ್ನು ಸೇರಿಸಿತು: ಅಪರೂಪವಾಗಿ, ಪ್ರಾಣಾಪಾಯಕರವಾದ ಅಲರ್ಜಿ ಉಂಟಾಗಬಹುದು, ಅದು ಮೊದಲ ಸೂಜಿಯಲ್ಲಿಯೇ ಆಗಬಹುದು, ವರ್ಷಗಳ ಬಳಕೆಯ ನಂತರವೂ ಆಗಬಹುದು, ಲಕ್ಷಣಗಳು ತೀವ್ರವಾಗುತ್ತ ಹೋದರೆ ಅಥವಾ ಬೇಗ ಅಡಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಇಷ್ಟು ವರ್ಷಗಳ ಮೇಲೆ ತನ್ನ ಮಾತನ್ನು ತಾನೇ ತಿದ್ದಿಕೊಂಡ ಈ ಪತ್ರವನ್ನು ನಂಬುವುದು ಹೇಗೆ ಎಂದು ಕೆಲವರು ಕೇಳಬಹುದು. ತಿದ್ದಿಕೊಳ್ಳುವ ಕಾರಣದಿಂದಲೇ ಅದು ನಂಬಿಕೆಗೆ ಅರ್ಹವೆಂದು ನಾನು ಹೇಳುತ್ತೇನೆ. ಸಮಸ್ತ ರೋಗಗಳನ್ನೂ ಮೂರು ತಿಂಗಳಲ್ಲಿ ಬೇರುಸಹಿತ ಕೀಳುತ್ತೇನೆಂದು ಘೋಷಿಸುವ ಜಾಹೀರಾತುಗಳಲ್ಲಿ ಅಪಾಯದ ಮಾತೇ ಇರುವುದಿಲ್ಲ. ತಿದ್ದುಪಡಿಯಂತೂ ಎಂದೂ ಬರುವುದಿಲ್ಲ. ಆಶ್ವಾಸನೆಯನ್ನು ಕೇಳಿ ಹುಟ್ಟುವುದು ಆಸೆ. ಮಿತಿಯನ್ನು ತಿಳಿದ ಮೇಲೂ ವಿವೇಕದಿಂದ ನಿಲ್ಲುವುದು ಶ್ರದ್ಧೆ.

ಹಾಗೆಂದು ಆ ಸಣ್ಣಕ್ಷರದ ಇಂಗ್ಲಿಷು ಹಾಳೆಯನ್ನು ರೋಗಿಯ ಕೈಗಿತ್ತು ಸತ್ಯವನ್ನು ಹೇಳಿದೆವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಸತ್ಯವನ್ನು ಹಿತವಾಗುವ ರೀತಿಯಲ್ಲಿ ನುಡಿಯಬೇಕೆಂಬುದು ನಮ್ಮ ನೀತಿ. ಎಷ್ಟೋ ಮನೆಗಳಲ್ಲಿ ಮಗಳಿಗೆ ಭಯವಾದೀತೆಂದು ಆ ಹಾಳೆಯನ್ನು ಮಡಿಸಿ ಬಚ್ಚಿಡುತ್ತಾರೆ. ಇನ್ನು ಕೆಲವೆಡೆ ಅವಳೇ ಓದಿ, ಅಪ್ಪ ಅಮ್ಮ ನೊಂದಾರೆಂದು ಸುಮ್ಮನಾಗುತ್ತಾಳೆ. ಎರಡೂ ಪ್ರೀತಿಯಿಂದಲೇ ಆಗುವ ಕೆಲಸ. ಎರಡರಿಂದಲೂ ಭಯ ಬೆಳೆಯುತ್ತದೆ. ವೈದ್ಯರ ಸಮ್ಮುಖದಲ್ಲಿ, ಮನೆಯವರೆಲ್ಲ ಕುಳಿತು, ಯಾವುದು ಸಾಮಾನ್ಯ, ಯಾವುದು ವಿರಳ, ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು ಎಂದು ತಮ್ಮ ಭಾಷೆಯಲ್ಲಿ ತಿಳಿದುಕೊಂಡರೆ, ಅದೇ ಹಾಳೆ ಭಯದ ಕಾರಣವಾಗದೆ ಧೈರ್ಯದ ಆಧಾರವಾಗುವುದು.

ನಮ್ಮ ಪ್ರಾಚೀನ ವೈದ್ಯರು ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಭಾಗಿಸಿದ್ದರು. ಗುಣವಾಗದು, ಆದರೆ ಚಿಕಿತ್ಸೆ ನಡೆಯುತ್ತಿರುವ ತನಕ ಅಂಕೆಯಲ್ಲಿರುವುದು ಎಂಬುದು ಯಾಪ್ಯದ ಲಕ್ಷಣ. ಗುಣವಾಗುವುದೋ ಇಲ್ಲವೋ ಎಂಬ ಎರಡೇ ಉತ್ತರಗಳನ್ನು ಬಲ್ಲ ನಮ್ಮ ಕಾಲ ಈ ಮಧ್ಯದ ವರ್ಗವನ್ನು ಮರೆತಿದೆ. ಎಂ.ಎಸ್. ಇಂಥ ಯಾಪ್ಯವ್ಯಾಧಿ. ಇದಕ್ಕೆ ಬೇಕಾದದ್ದು ಒಮ್ಮೆಲೇ ಗೆಲ್ಲುವ ವೀರ್ಯವಲ್ಲ. ದೀರ್ಘಕಾಲ ನಿಲ್ಲುವ ಧೃತಿ. ಅದನ್ನು ರೋಗಿಯೊಬ್ಬಳಿಂದಲೇ ಅಪೇಕ್ಷಿಸುವುದು ಅಧರ್ಮ. ಮನೆ, ಕಚೇರಿ, ಸಮಾಜ, ರಾಜ್ಯ ಎಲ್ಲವೂ ಅದರಲ್ಲಿ ಪಾಲುದಾರರಾಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ತಾನು ಮಾನ್ಯಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಈ ವ್ಯಾಧಿಯನ್ನು ಹೆಸರಿಸಿ ಸೇರಿಸಿದೆ. ನರರೋಗಗಳ ಚಿಕಿತ್ಸೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. 1985ರಲ್ಲಿ ಆರಂಭವಾದ ಭಾರತೀಯ ಮಲ್ಟಿಪಲ್ ಸ್ಕ್ಲೆರೋಸಿಸ್ ಸಂಘದ ಶಾಖೆಯೂ ಬೆಂಗಳೂರಿನಲ್ಲಿದೆ.

ಆದ್ದರಿಂದ ನನ್ನ ಬಿನ್ನಹ ಮೂವರಲ್ಲಿ. ಔಷಧಗಳನ್ನು ತಯಾರಿಸುವವರೂ ಅವನ್ನು ನಿಯಂತ್ರಿಸುವವರೂ ಈ ಪತ್ರದ ಸಾರವನ್ನು ಓದಬಲ್ಲ ಗಾತ್ರದ ಅಕ್ಷರಗಳಲ್ಲಿ, ಕನ್ನಡದಲ್ಲಿ, ಪ್ರತಿಯೊಂದು ಪೊಟ್ಟಣದೊಡನೆಯೂ ಕೊಡಲಿ. ವೈದ್ಯರು ಅದನ್ನು ವಿವರಿಸುವ ಹತ್ತು ನಿಮಿಷಗಳನ್ನು ಚಿಕಿತ್ಸೆಯ ಅಂಗವೆಂದೇ ಎಣಿಸಲಿ. ಬಂಧುಗಳೂ ನೆರೆಯವರೂ ರೋಗಿಯನ್ನು ಕಂಡಾಗ "ಇನ್ನೂ ಗುಣವಾಗಲಿಲ್ಲವೆ?" ಎಂದು ಕೇಳುವುದನ್ನು ಬಿಟ್ಟು, ಮುಂದಿನ ಸಲ ಆಸ್ಪತ್ರೆಗೆ ಜೊತೆಯಲ್ಲಿ ಬರಲೇ ಎಂದು ಕೇಳಲಿ.