ಗಾರೆ ಗೋಡೆಯ ಹಕ್ಕುದಾರರು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳು. ಅಲ್ಲಿ ಇನ್ನೂ ಉಳಿದಿರುವ ಹಲವು ಹಳೆಯ ಮನೆಗಳಿಗೆ ಮದ್ರಾಸ್ ತಾರಸಿ, ಇಟ್ಟಿಗೆಯ ದಪ್ಪ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಇಂಥ ಗೋಡೆಗೆ ದೊಡ್ಡದೊಂದು ಟಿವಿ ತೂಗುಹಾಕುವುದೆಂದರೆ ಡ್ರಿಲ್ಲಿಂಗ್ ಮಷಿನ್ ಹಿಡಿದು ಬರುವ ಹುಡುಗನಿಗೆ ಬಿಟ್ಟ ಕೆಲಸ ಎಂದೇ ನಾವು ತಿಳಿದಿದ್ದೇವೆ. ಅದು ಧರ್ಮಾಧರ್ಮದ ಪ್ರಶ್ನೆಯೂ ಹೌದೆಂದು ನಾನು ನಂಬುತ್ತೇನೆ. ನಾವು ಹುಟ್ಟುವ ಮೊದಲೇ ಇದ್ದ, ನಾವು ಹೋದ ಮೇಲೂ ಇರಬಲ್ಲ ವಸ್ತುವನ್ನು ಬಳಸುವ ಹಕ್ಕು ನಮಗಿದೆ. ಸರಿಪಡಿಸಲಾಗದಂತೆ ಅದನ್ನು ಕೆಡಿಸುವ ಹಕ್ಕು, ಪತ್ರ ನಮ್ಮ ಹೆಸರಿನಲ್ಲಿದ್ದರೂ, ನಮಗಿಲ್ಲ.

ಮೊದಲು ಗೋಡೆ ಎಂಥದ್ದೆಂದು ನೋಡಬೇಕು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದದ್ದಕ್ಕೆ ನೀರು ಸುರಿದರೆ ಕೊತಕೊತ ಕುದ್ದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು ಸೇರಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಗಾರೆ ಹದಮಾಡುವ ಪದ್ಧತಿ ದಕ್ಷಿಣದಲ್ಲೆಲ್ಲ ಇತ್ತು. ಗೋಡೆಗೆ ಬಳಿದ ಗಾರೆ, ಕಳೆದುಕೊಂಡ ಅದೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಹೀರುತ್ತ ಮತ್ತೆ ಕಲ್ಲಾಗುತ್ತದೆ. ಮೇಸ್ತ್ರಿ ಕರಣೆ ಕೆಳಗಿಟ್ಟ ಮೇಲೂ ಈ ಕೆಲಸ ವರ್ಷಗಟ್ಟಲೆ ನಡೆದಿರುತ್ತದೆ. ಮಳೆಗಾಲದಲ್ಲಿ ತೇವ ಎಳೆದುಕೊಂಡು ಬಿಸಿಲಿನಲ್ಲಿ ಹೊರಬಿಡುವುದೂ ಅದರ ಗುಣ. ಇಂಥ ಗೋಡೆಗೆ ಹ್ಯಾಮರ್ ಡ್ರಿಲ್ ಇಟ್ಟರೆ ತೂತಿನ ಸುತ್ತ ಗಾರೆ ಅದುರಿ ಇಟ್ಟಿಗೆಯಿಂದ ಬಿಟ್ಟುಕೊಳ್ಳುತ್ತದೆ; ಬೆರಳಿನಿಂದ ತಟ್ಟಿದರೆ ಡಬಡಬ ಸದ್ದು ಬರುತ್ತದೆ. ಆಂಕರ್ ಬೋಲ್ಟ್ ಒಳಗೆ ಹಿಗ್ಗಿ, ಸುತ್ತಲಿನದನ್ನು ಒತ್ತಿ ಹಿಡಿಯುವಂಥದ್ದು. ಆ ಒತ್ತಡವನ್ನು ಕಾಂಕ್ರೀಟು ತಾಳುತ್ತದೆ, ಗಾರೆ ಪುಡಿಯಾಗುತ್ತದೆ. ದೊಡ್ಡದಾದ ತೂತಿಗೆ ಸಿಮೆಂಟ್ ಮೆತ್ತಿದರಂತೂ ಅಲ್ಲಿ ತೇವಕ್ಕೆ ದಾರಿಯಿಲ್ಲ. ಪಕ್ಕದ ಗಾರೆಯಲ್ಲಿ ಉಪ್ಪು ಹೂತು ಪದರ ಪದರವಾಗಿ ಉದುರುತ್ತದೆ.

ಕೆಡಿಸುವ ಹಕ್ಕಿಲ್ಲವೆಂಬ ನನ್ನ ನಿಲುವಿಗೆ ಅತ್ಯಂತ ಗಟ್ಟಿಯಾದ ಆಕ್ಷೇಪ ನಮ್ಮ ನೆಲದ್ದೇ. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣನವರು ಹೇಳಿದ ಮೇಲೆ, ಬದುಕಿರುವವರ ಸಂತೋಷವನ್ನು ಬಿಟ್ಟು ಗೋಡೆಯ ಚಿಂತೆ ಏಕೆ? ಈ ಮಾತಿನ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಾಸಿಗೆ ಹಿಡಿದ ಅಜ್ಜಿಗೆ ಮಲಗಿದಲ್ಲಿಂದಲೇ ಟಿವಿ ಕಾಣಬೇಕಿದ್ದರೆ, ಆಕೆಯ ಸಮಾಧಾನ ಗಾರೆಗಿಂತ ದೊಡ್ಡದು. ಆದರೆ ಶರಣರು ಕೆಳಗಿಳಿಸಿದ್ದು ಉಳ್ಳವರು ಕಟ್ಟಿಸಿ ಬೀಗುವ ಸ್ಥಾವರವನ್ನೇ ಹೊರತು ದುಡಿಯುವ ಕೈಯನ್ನಲ್ಲ. ಆಯ್ದಕ್ಕಿ ಮಾರಯ್ಯ, ನುಲಿಯ ಚಂದಯ್ಯರಂಥವರು ಲಿಂಗಪೂಜೆಗಿಂತಲೂ ಕಾಯಕವನ್ನು ಮುಂದಿಟ್ಟವರು. ಆ ಕಣ್ಣಿನಿಂದ ನೋಡಿದರೆ ಗೋಡೆಯಲ್ಲಿರುವುದು ಸುಣ್ಣದಲ್ಲಿ ಕೈ ಸುಟ್ಟುಕೊಂಡು ಗಾರೆ ಅರೆದ, ಹೆಸರೂ ಉಳಿಯದ ಹೆಂಗಸರು ಗಂಡಸರ ಕಾಯಕ. ಕೂಲಿ ಸಂದಾಯವಾಗಿದೆ, ಋಣ ತೀರಿದೆ ಎನ್ನಬಹುದು. ತೀರಿಸಿದವರು ಮನೆ ಕಟ್ಟಿಸಿದವರು. ಈಗ ಕೊಳ್ಳುವವರು ಕೊಡುವ ಕೋಟಿಗಳು ಬಹುಪಾಲು ನಿವೇಶನದ ಬೆಲೆ. ಬೇಸಿಗೆಯ ಮಧ್ಯಾಹ್ನ ಆ ಗೋಡೆ ಕೊಡುವ ತಂಪಿಗೆ ಯಾರೂ ಬೆಲೆ ಕಟ್ಟಿರುವುದಿಲ್ಲ.

ಗೋಡೆಗೇನು ನೋವಾಗುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಜೈನರು ಮಣ್ಣಿನಲ್ಲೂ ಜೀವ ಕಂಡರು, ಆದರೆ ನನ್ನ ವಾದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಇಲ್ಲಿ ನಷ್ಟವಾಗುವುದು ಮುಂದೆ ಅಲ್ಲಿ ಬಾಳುವವರಿಗೆ. ಆಸ್ತಿಯುಳ್ಳವನು ಅದರ ಧರ್ಮದರ್ಶಿ ಮಾತ್ರ ಎಂಬ ಗಾಂಧೀಜಿಯವರ ವಿಚಾರವನ್ನು ನಾವು ಶ್ರೀಮಂತರಿಗೆ ಹೇಳಿದ ಬುದ್ಧಿವಾದವೆಂದು ಪಕ್ಕಕ್ಕಿಟ್ಟಿದ್ದೇವೆ. ಒಂದು ಗೋಡೆಯ ಮಟ್ಟಿಗಾದರೂ ಅದು ಎಲ್ಲ ಗೃಹಸ್ಥರಿಗೂ ಸಲ್ಲುತ್ತದೆ. ಹಾಗಾದರೆ ದೇವರ ಪಟಕ್ಕೆ ಮೊಳೆ ಹೊಡೆಯಲಿಲ್ಲವೇ, ವೈರಿಂಗ್ ಮಾಡಿಸಲಿಲ್ಲವೇ ಎಂದು ಕೇಳಬಹುದು. ಮಾಡಿಸಿದ್ದಾರೆ, ಮನೆ ಬದಲಾಗುತ್ತಲೇ ಬಂದಿದೆ. ಬದಲಾವಣೆ ಅಗತ್ಯವಿರುವಷ್ಟು ಇರಲಿ, ಆದರೆ ಆದಷ್ಟು ಕಡಿಮೆ ಇರಲಿ ಎಂಬುದೇ ಪಾರಂಪರಿಕ ತಾಣಗಳಿಗಾಗಿ ಆಸ್ಟ್ರೇಲಿಯಾದಲ್ಲಿ 1979ರಲ್ಲಿ ರೂಪಿಸಿದ ಬರ್ರಾ ಸನ್ನದಿನ ತಿರುಳು ಕೂಡ. ಪಟದ ಮೊಳೆ ಹೊರುವ ಭಾರ ಅತ್ಯಲ್ಪ. ಟಿವಿಯೋ ಹತ್ತಾರು ಕಿಲೋ ತೂಗುತ್ತದೆ, ಕೆಲವು ವರ್ಷಕ್ಕೆ ಹಳತಾಗುತ್ತದೆ. ಹೊಸದಕ್ಕೆ ಬೇರೆ ಬ್ರಾಕೆಟ್ ಬಂದರೆ ತೂತುಗಳೂ ಬೇರೆಯವೇ.

ಆದ್ದರಿಂದ ಮೊದಲ ಆಯ್ಕೆ ನೆಲದ ಮೇಲಿನ ಸ್ಟ್ಯಾಂಡೇ ಆಗಲಿ. ತೂಗಲೇಬೇಕಿದ್ದರೆ ಒಂದು ಗಟ್ಟಿ ಹಲಗೆಯನ್ನು ಗೋಡೆಗೆ ಕೂರಿಸಿ, ಬ್ರಾಕೆಟ್ಟನ್ನು ಹಲಗೆಗೆ ಬಿಗಿಯಬಹುದು. ಟಿವಿ ಎಷ್ಟು ಸಲ ಬದಲಾದರೂ ಆಗ ತೂತು ಬೀಳುವುದು ಮರಕ್ಕೆ. ಹಲಗೆಯ ಸ್ಕ್ರೂಗಳು ಗಾರೆ ದಾಟಿ ಇಟ್ಟಿಗೆಯೊಳಗೆ ಆಳವಾಗಿ ಇಳಿಯಬೇಕು; ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ ಕೊರೆಯಬೇಕು. ಮುಂದಕ್ಕೆ ಎಳೆಯುವ ತೋಳಿನ ಬ್ರಾಕೆಟ್ ಬೇಡ, ಎಳೆದಷ್ಟೂ ಮೇಲಿನ ಸ್ಕ್ರೂಗಳನ್ನು ಅದು ಕೀಳಲು ನೋಡುತ್ತದೆ. ವೈರಿಗಾಗಿ ಗೋಡೆ ಕಡಿಸದೆ ಮೇಲೆಯೇ ಪಟ್ಟಿ ಹಾಕಿಸಬಹುದು. ಹಳೆಯ ತೂತುಗಳ ಧೂಳು ತೆಗೆದು, ನೀರು ಚಿಮುಕಿಸಿ, ಸುಣ್ಣ ಮರಳಿನ ಗಾರೆಯಿಂದಲೇ ಮುಚ್ಚಿಸಬೇಕು. ಆ ಕೆಲಸ ಬಲ್ಲ ಮೇಸ್ತ್ರಿಗಳು ಈಗ ವಿರಳ. ಒಬ್ಬರು ಸಿಕ್ಕರೆ ಚೌಕಾಸಿ ಮಾಡದೆ ಕೇಳಿದಷ್ಟು ಕೂಲಿ ಕೊಡಿ, ಜೊತೆಗೆ ಕಲಿಯಲು ಒಬ್ಬ ಹುಡುಗನನ್ನೂ ಕರೆತರಲು ಹೇಳಿ.